ಮುತ್ತಜ್ಜ ಪೊಲೀಸ್ ಆಗಿದ್ದಕ್ಕೆ ದಾಖಲೆ

ತೀರಿಹೋದ ಒಬ್ಬರನ್ನು ಹುಡುಕಲು ಹೊರಟರೆ ಬದುಕಿರುವವರೆಲ್ಲ ದಾರಿಯಲ್ಲಿ ಅಡ್ಡ ಸಿಕ್ಕಿ, ಒಂದೊಂದು ತಮಾಷೆ ಮಾಡಿಯೇ ಮುಂದೆ ಕಳಿಸುತ್ತಾರೆ. ನಾನು ಹುಡುಕಿದ್ದು ನನ್ನ ಮುತ್ತಜ್ಜನನ್ನು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅವರು ಮಂಗಳೂರಿನಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದರು. ಹುಡುಕಲು ಶುರು ಮಾಡಿದ್ದು ಕುವೈತಿನ ಹವಲ್ಲಿಯಲ್ಲಿ, ೧೯೯೦ರ ಆರಂಭದಲ್ಲಿ.

ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಓದಲು ಕಲಿತದ್ದು ಬೀಡಿ ಕಟ್ಟುತ್ತಾ, ಎಲೆಯ ಕೆಳಗೆ ಹಾಸುತ್ತಿದ್ದ ಹಳೆಯ ಪೇಪರಿನಿಂದ. ಗಂಡ ಬೇಗ ತೀರಿಕೊಂಡರು. ಕುವೈತಿನ ಜಹ್ರಾದ ಒಂದು ಮನೆಗೆ ಆಯಾ ಆಗಿ ಬಂದೆ, ಹೊಲಿಗೆ ಕಲಿತೆ, ಹವಲ್ಲಿಯಲ್ಲಿ ಆರು ಯಂತ್ರಗಳ ಹೆಂಗಸರ ಟೈಲರ್ ಅಂಗಡಿ ಹಾಕಿದೆ. ಇಂಗ್ಲಿಷನ್ನು ಡಿಸೈನ್ ಪುಸ್ತಕಗಳ ಚಿತ್ರದ ಕೆಳಗಿನ ಸಾಲುಗಳಿಂದ ಕಲಿತೆ. ಹಾಗಿರುವಾಗ ಕುವೈತಿನಲ್ಲಿದ್ದ ನಮ್ಮ ಊರವರ ಸಂಘದವರು ಸ್ಮರಣ ಸಂಚಿಕೆಯಲ್ಲಿ 'ನಮ್ಮ ಹಿರಿಯರು' ಎಂಬ ವಿಭಾಗ ಮಾಡಿದರು. ನನ್ನ ಹೆಸರಿನಲ್ಲಿ ಒಂದು ಲೇಖನ ಅಚ್ಚಾಗಬೇಕು, ಅದರಲ್ಲಿ ಮುತ್ತಜ್ಜ ಇರಬೇಕು. ನನಗೆ ಬೇಕಾದದ್ದು ಅಷ್ಟೇ.

೧. ಕಾರ್ಯದರ್ಶಿಯ ಆನೆ

ಲೇಖನ ಬರೆದು ಸಂಘದ ಕಾರ್ಯದರ್ಶಿಗೆ ಕೊಟ್ಟೆ. ಅವರು ಕುವೈತ್ ಸಿಟಿಯ ಒಂದು ಆಫೀಸಿನಲ್ಲಿ ಫೈಲು ನೋಡಿಕೊಳ್ಳುವವರು. ಕಾಗದವಿಲ್ಲದೆ ಏನನ್ನೂ ನಂಬುವವರಲ್ಲ.

"ಅಕ್ಕಾ, ಬರಹ ಚೆಂದ ಉಂಟು. ಆದರೆ ಕಾನ್‌ಸ್ಟೇಬಲ್ ಅಂತ ಬರೆದಿದ್ದೀರಿ. ದಾಖಲೆ ಉಂಟಾ?"

"ನಮ್ಮ ಮನೆಯವರೆಲ್ಲ ಹೇಳ್ತಾರೆ."

"ಮನೆಯವರು ಹೇಳುವುದಾದರೆ ಕುವೈತಿನಲ್ಲಿರುವ ಎಲ್ಲರ ಅಜ್ಜಂದಿರೂ ಪಟೇಲರು. ಒಬ್ಬನಾದರೂ ಬರೀ ಅಜ್ಜ ಬೇಡವಾ? ಕಾಗದ ತನ್ನಿ, ಹಾಕುವಾ."

ನನಗೆ ಸಿಟ್ಟು ಬಂತು. ಕಳೆದ ಸಂಚಿಕೆಯಲ್ಲಿ ಇದೇ ಕಾರ್ಯದರ್ಶಿಯವರು ತಮ್ಮ ಅಜ್ಜನ ಮನೆಯಲ್ಲಿ ಆನೆ ಕಟ್ಟುತ್ತಿದ್ದರೆಂದು ಎರಡು ಪುಟ ಬರೆದುಕೊಂಡಿದ್ದರು.

"ನಿಮ್ಮ ಆನೆಗೆ ದಾಖಲೆ ಇತ್ತಾ ಮಾರಾಯ್ರೇ?" ಎಂದೆ.

ಅವರು ಒಂದು ಕ್ಷಣವೂ ತಡವರಿಸಲಿಲ್ಲ. "ಆನೆಗೆ ದಾಖಲೆ ಎಂತಕ್ಕೆ ಅಕ್ಕಾ? ಅದು ದೂರದಿಂದಲೇ ಕಾಣ್ತದೆ."

೨. ಒಳಗೋ ಹೊರಗೋ

ದಾಖಲೆ ತರದೆ ಬಿಡುವವಳಲ್ಲ ಎಂದುಕೊಂಡು ಊರಿನಲ್ಲಿದ್ದ ಸೋದರತ್ತೆಗೆ ಕಾಗದ ಬರೆದೆ. ನಮ್ಮ ಮನೆತನದಲ್ಲಿ ಹಳೆಯ ಕತೆ ಗೊತ್ತಿದ್ದದ್ದು ಅವರೊಬ್ಬರಿಗೇ. ಮೂರು ವಾರಕ್ಕೆ ಉತ್ತರ ಬಂತು. ಅಂಗಡಿಗೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದ ಕಾರ್ಯದರ್ಶಿಯವರ ಮುಂದೆಯೇ ಲಕೋಟೆ ಒಡೆದು, "ನೀವೇ ಗಟ್ಟಿಯಾಗಿ ಓದಿ" ಎಂದು ಕೊಟ್ಟೆ. ಅವರು ಓದಿದರು.

"ನಿನ್ನ ಮುತ್ತಜ್ಜ ಆರು ವರ್ಷ ಜೈಲಿನಲ್ಲಿದ್ದರು. ಅಲ್ಲಿ ಒಳ್ಳೆಯ ಹೆಸರಿತ್ತು. ಊರಿಗೆ ಹೋಗುತ್ತೇನೆಂದು ಎಷ್ಟು ಬೇಡಿಕೊಂಡರೂ ಸಾಹೇಬರು ಬಿಡಲಿಲ್ಲವಂತೆ."

ಕಾರ್ಯದರ್ಶಿ ಕಾಗದವನ್ನು ನಾಜೂಕಾಗಿ ಮಡಚಿದರು. "ದಾಖಲೆ ಸಿಕ್ಕಿತಲ್ಲ ಅಕ್ಕಾ. ಹೀಗೆಯೇ ಹಾಕಲಾ?"

"ಜೈಲಿನ ಕಾವಲಿಗಿದ್ದರು ಅಂತ ಅರ್ಥ!" ಎಂದೆ. ನನ್ನ ಅಂಗಡಿಯ ಹುಡುಗಿಯರು ಯಂತ್ರ ನಿಲ್ಲಿಸಿ ನಗುತ್ತಿದ್ದರು.

ಅಂದೇ ಅತ್ತೆಗೆ ಇನ್ನೊಂದು ಕಾಗದ ಬರೆದೆ. 'ಮುತ್ತಜ್ಜ ಜೈಲಿನಲ್ಲಿ ಬಾಗಿಲಿನ ಒಳಗಿದ್ದರೋ, ಹೊರಗಿದ್ದರೋ? ಸ್ಪಷ್ಟವಾಗಿ ತಿಳಿಸಿ.'

ಮತ್ತೆ ಮೂರು ವಾರ. ಅತ್ತೆಯ ಉತ್ತರ ಒಂದೇ ಸಾಲು: 'ನೀನು ದೊಡ್ಡವಳಾದರೂ ಬುದ್ಧಿ ಬೆಳೆಯಲಿಲ್ಲ ಮಗಾ, ಹೊರಗೆ ಇರುವವರನ್ನು ಯಾರಾದರೂ ಜೈಲಿನಲ್ಲಿದ್ದರು ಅನ್ನುತ್ತಾರಾ?'

೩. ಯಾವ ಹಡಗು

ಅತ್ತೆಯನ್ನು ಬಿಟ್ಟು ಸರಕಾರವನ್ನೇ ಕೇಳುವುದೆಂದು ನಿರ್ಧರಿಸಿದೆ. ಮಗಳು ಆಗ ಎಂಟನೇ ಕ್ಲಾಸು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ವಿಕ್ಟೋರಿಯಾ ಪೊಲೀಸ್‌ನವರ ವಿಳಾಸ ಎಲ್ಲಿಯಾದರೂ ಸಿಗುತ್ತದಾ ನೋಡು" ಎಂದೆ. "ಓಕೆ ಮಮ್ಮಿ" ಎಂದವಳು ಮರುದಿನವೇ ಶಾಲೆಯ ಲೈಬ್ರರಿಯಿಂದ ಬರೆದು ತಂದಳು. ಇಷ್ಟು ಸುಲಭವೇ ಎಂದು ನನಗೇ ಆಶ್ಚರ್ಯವಾಯಿತು.

ಅವಳಿಗೆ ತೋರಿಸದೆ, ನನ್ನದೇ ಇಂಗ್ಲಿಷಿನಲ್ಲಿ ಐದು ದಿನ ಕೂತು ಒಂದು ಪುಟ ಬರೆದೆ. ಮುತ್ತಜ್ಜನ ಹೆಸರು, ಅವರ ಅಪ್ಪನ ಹೆಸರು, ಮನೆಯ ಹೆಸರು ಎಲ್ಲ ಹಾಕಿ, ಮಗಳು ಕೊಟ್ಟ ವಿಳಾಸವನ್ನು ಅಕ್ಷರ ಅಕ್ಷರ ನೋಡಿ ಲಕೋಟೆಯ ಮೇಲೆ ಇಳಿಸಿದೆ. ಒಂದೂವರೆ ತಿಂಗಳಿಗೆ ದಪ್ಪ ಕಾಗದದಲ್ಲಿ, ಮೇಲೆ ಮುದ್ರೆಯಿದ್ದ ಉತ್ತರ ಬಂತು. ತುಂಬ ಮರ್ಯಾದೆಯಿಂದ ಬರೆದಿದ್ದರು. 'ನಮ್ಮ ಹಳೆಯ ಪಟ್ಟಿಗಳಲ್ಲಿ ಆ ಹೆಸರಿನವರು ಸಿಗಲಿಲ್ಲ. ಅವರು ಯಾವ ಹಡಗಿನಲ್ಲಿ ಬಂದಿಳಿದರೆಂದು ತಿಳಿಸಿದರೆ ಇನ್ನೊಮ್ಮೆ ಹುಡುಕುತ್ತೇವೆ.'

ಹಡಗು ಯಾಕೆ? ಮಗಳಿಗೆ ತೋರಿಸಿದೆ. ಅವಳು ಹಾಸಿಗೆಯ ಮೇಲೆ ಬಿದ್ದು ನಕ್ಕಳು. "ಮಮ್ಮಿ, ದಿಸ್ ಈಸ್ ಆಸ್ಟ್ರೇಲಿಯಾ! ವಿಕ್ಟೋರಿಯಾ ಈಸ್ ಎ ಸ್ಟೇಟ್! ಯು ಡಿಡಂಟ್ ಸೇ ಕ್ವೀನ್!"

ಕೇಳಿದವರಿಗೆ ಉತ್ತರ ಕೊಡದಿರುವುದು ಸರಿಯಲ್ಲ. ನಾನು ಬರೆದೆ: 'ಸರ್, ವಂದನೆಗಳು. ನಮ್ಮ ಮುತ್ತಜ್ಜ ನೇತ್ರಾವತಿ ದಾಟುವ ದೋಣಿಯಲ್ಲೇ ವಾಂತಿ ಮಾಡುತ್ತಿದ್ದರು. ನೀವು ಇನ್ನು ಹುಡುಕುವುದು ಬೇಡ.'

೪. ನೂರು ವರ್ಷದ ಕೇಸು

ನನ್ನ ಅರಬ್ಬಿ ಜಹ್ರಾದ ಅಡುಗೆಮನೆಯಲ್ಲಿ ಕಲಿತದ್ದು. ಅದರಲ್ಲಿ ಹೆಸರುಗಳುಂಟು, ಕ್ರಿಯಾಪದಗಳಿಲ್ಲ. ತನ್ನ ಮಗಳ ಮದುವೆಯ ಉಡುಪಿನ ಅಳತೆ ಕೊಡಲು ಬಂದ ಒಬ್ಬ ಕುವೈತಿ ಹೆಂಗಸು, ನನ್ನ ಮೇಜಿನ ಮೇಲಿದ್ದ ಕಾಗದಗಳ ಕಟ್ಟು ನೋಡಿ, "ಇದೇನು?" ಎಂದರು.

"ನನ್ನ ಅಜ್ಜ. ಶುರ್ತಾ" ಎಂದೆ. ಶುರ್ತಾ ಎಂದರೆ ಪೊಲೀಸ್. ನಾನು ಹೇಳಹೊರಟದ್ದು ಅಜ್ಜ ಪೊಲೀಸ್ ಆಗಿದ್ದರು ಎಂದು. ಅವರಿಗೆ ಕೇಳಿಸಿದ್ದು ಅಜ್ಜನನ್ನು ಪೊಲೀಸರು ಹಿಡಿದಿದ್ದಾರೆ ಎಂದು.

ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಪಾಪ! ಎಷ್ಟು ದಿನವಾಯಿತು?"

"ನೂರು ವರ್ಷ" ಎಂದೆ, ಹೆಮ್ಮೆಯಿಂದ.

"ನೂರು ವರ್ಷವಾ! ಇಕಾಮಾ ಇಲ್ಲದ್ದಕ್ಕಾ?" ಇಕಾಮಾ ಎಂದರೆ ಹೊರಗಿನವರು ಅಲ್ಲಿ ವಾಸಿಸಲು ಬೇಕಾದ ಪರವಾನಗಿ.

ನಾನು ಬಾಯಿ ತೆರೆಯುವ ಮೊದಲೇ ನನ್ನ ಅಂಗಡಿಯ ಫೋನೆತ್ತಿ ತಮ್ಮನಿಗೆ ಮಾಡಿದರು. ತಮ್ಮ ಯಾವುದೋ ಇಲಾಖೆಯಲ್ಲಿ ದೊಡ್ಡ ಕುರ್ಚಿಯಲ್ಲಿದ್ದವರು. 'ಬಡ ಟೈಲರಮ್ಮ, ಮುದುಕ ಅಜ್ಜ, ಬರೀ ಇಕಾಮಾಕ್ಕೋಸ್ಕರ ಇಷ್ಟು ವರ್ಷ ಒಳಗಿಟ್ಟಿದ್ದಾರೆ' ಎಂದು ಜೋರು ಮಾಡಿದರು. ನಾನು ಕೈಬೀಸಿ ಬೇಡ ಬೇಡ ಎಂದದ್ದನ್ನು ಅವರು ಸಂಕೋಚವೆಂದುಕೊಂಡರು.

ಮೂರನೇ ದಿನ ಸಿಹಿಯ ಡಬ್ಬಿ ಹಿಡಿದುಕೊಂಡು ಬಂದರು. "ಚಿಂತೆ ಬಿಡು. ತಮ್ಮ ಎಲ್ಲ ಠಾಣೆಗಳಲ್ಲೂ ವಿಚಾರಿಸಿದ. ನಿನ್ನ ಅಜ್ಜ ಎಲ್ಲಿಯೂ ಇಲ್ಲ. ಖಲಾಸ್, ಬಿಟ್ಟುಬಿಟ್ಟಿದ್ದಾರೆ!"

೫. ಗಡಿಯಲ್ಲಿ

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಅದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ, ನಾನು ಬರೆಯುವುದಿಲ್ಲ. ಅಂಗಡಿಗೆ ಬೀಗ ಹಾಕಿ, ಮಗಳ ಕೈ ಹಿಡಿದು, ಜೋರ್ಡಾನಿನ ದಾರಿಯಾಗಿ ಊರಿಗೆ ಹೊರಟವರ ಬಸ್ಸು ಹತ್ತಿದೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಒಳ್ಳೆಯ ಕತ್ತರಿ, ಮುತ್ತಜ್ಜನ ಕಾಗದಗಳು.

ಗಡಿಯಲ್ಲಿ ಒಬ್ಬ ಇರಾಕಿ ಸೈನಿಕ ಬಸ್ಸಿನೊಳಗೆ ಬಂದು ಚೀಲ ತೆರೆಸಿದ. ಕತ್ತರಿಯನ್ನು ನೋಡಿ ಬಿಟ್ಟ. ಮುದ್ರೆಯಿದ್ದ ಆಸ್ಟ್ರೇಲಿಯಾದ ಕಾಗದವನ್ನು ಮೇಲೆತ್ತಿದ. "ಇದು ಯಾರದು? ಅಮೆರಿಕದ್ದಾ?"

ಮಗಳು ಸಹಾಯ ಮಾಡುವ ಉತ್ಸಾಹದಲ್ಲಿ, "ನೋ, ನೋ, ಪೊಲೀಸ್!" ಎಂದಳು.

ಹಿಂದಿನ ಸೀಟಿನಿಂದ ನಮ್ಮೂರಿನವರೊಬ್ಬರು ಪಿಸುಗುಟ್ಟಿದರು. "ಅಕ್ಕಾ, ಸತ್ತವರನ್ನು ಹುಡುಕಲು ಹೋಗಿ ನಮ್ಮನ್ನೂ ಅಲ್ಲಿಗೇ ಕಳಿಸಬೇಡಿ ಮಾರಾಯ್ರೇ."

ಈ ಸಲ ಶುರ್ತಾ ಎಂಬ ಶಬ್ದವನ್ನು ನಾನು ನಾಲಿಗೆಗೆ ತರಲಿಲ್ಲ. "ನನ್ನ ಅಜ್ಜ. ಸಿಗಲಿಲ್ಲ. ಹುಡುಕುತ್ತಾ ಇದ್ದೇನೆ. ಅವರಿಗೆ ಬರೆದೆ, ಉತ್ತರ ಬಂತು" ಎಂದು ಕೈಸನ್ನೆ ಮಾಡಿ ಹೇಳಿದೆ.

ಅವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. ಸ್ವರ ತಗ್ಗಿಸಿ, "ನನ್ನ ಅಣ್ಣ ಇರಾನಿನ ಯುದ್ಧಕ್ಕೆ ಹೋದವನು ಬರಲಿಲ್ಲ. ನಮ್ಮ ಸೈನ್ಯದವರಿಗೆ ನಾಲ್ಕು ಸಲ ಬರೆದೆ. ಯಾರೂ ಉತ್ತರ ಕೊಡಲಿಲ್ಲ" ಎಂದ. ಜೇಬಿನಿಂದ ಪೆನ್ನು ತೆಗೆದು, ಸಿಗರೇಟಿನ ಪ್ಯಾಕಿನ ಮೇಲೆ ಆಸ್ಟ್ರೇಲಿಯಾದವರ ವಿಳಾಸವನ್ನು ಬರೆದುಕೊಳ್ಳತೊಡಗಿದ.

ನಾನು ತಡೆಯಲಿಲ್ಲ. "ಯಾವ ಹಡಗು ಅಂತ ಕೇಳ್ತಾರೆ" ಎಂದು ಮಾತ್ರ ಹೇಳಿದೆ.

೬. ಎರಡು ಅಕ್ಷರ

ಮಂಗಳೂರಿಗೆ ಮುಟ್ಟಿದ ಮೇಲೆ ಕೈಯಲ್ಲಿ ಕೆಲಸವಿಲ್ಲ, ಸಮಯ ಬೇಕಾದಷ್ಟು. ದಿನಾ ಬೆಳಿಗ್ಗೆ ಜಿಲ್ಲಾ ಕಚೇರಿಯ ಹಳೆಯ ಕಡತಗಳ ಕೋಣೆಗೆ ಹೋಗಿ ಕೂತೆ. ಅಲ್ಲಿನ ಗುಮಾಸ್ತ, "ಜಾಗದ ತಕರಾರಾ ಅಮ್ಮಾ?" ಎಂದು ಕೇಳಿದ. "ಅಲ್ಲ, ಮುತ್ತಜ್ಜನನ್ನು ನೋಡಲಿಕ್ಕೆ" ಎಂದೆ. "ಜಾಗ ಇಲ್ಲದೆ ಬರೀ ಮುತ್ತಜ್ಜನನ್ನು ಕೇಳಿಕೊಂಡು ಬಂದವರು ನೀವೇ ಮೊದಲು" ಎಂದು ಕುರ್ಚಿಯ ಧೂಳು ಒರೆಸಿ ಕೊಟ್ಟ.

ಗೆದ್ದಲು ತಿಂದುಳಿದ ಪುಸ್ತಕಗಳನ್ನು ಬಿಡಿಸುತ್ತಾ ಮುಂದಿನ ವರ್ಷದ ಮಳೆಗಾಲದ ಹೊತ್ತಿಗೆ ಒಂದು ಪೊಲೀಸ್ ಶಿಕ್ಷೆಯ ಪುಸ್ತಕ ಸಿಕ್ಕಿತು. ಅದರಲ್ಲಿ ಅವರಿದ್ದರು. ಅವರ ಹೆಸರು, ಅಪ್ಪನ ಹೆಸರು, ಮನೆಯ ಹೆಸರು, ಮುಂದೆ ಸ್ಪಷ್ಟವಾಗಿ ಕಾನ್‌ಸ್ಟೇಬಲ್. ಅದರ ಮುಂದೆ, ಖಜಾನೆಯ ಕಾವಲಿನಲ್ಲಿದ್ದಾಗ ಹಾಡಹಗಲೇ ನಿದ್ದೆ ಮಾಡಿದ್ದು ಕಂಡುಬಂತು ಎಂದು ಬರೆದಿತ್ತು. ನಾನು ಆ ಸಾಲನ್ನು ಮೂರು ಸಲ ಓದಿದೆ. ಸಂತೋಷದಿಂದ ಕಣ್ಣು ಒದ್ದೆಯಾಯಿತು. ಗುಮಾಸ್ತ ತಪ್ಪು ತಿಳಿದು, "ಬೇಜಾರು ಮಾಡಬೇಡಿ ಅಮ್ಮಾ, ಈಗಲೂ ಮಲಗ್ತಾರೆ" ಎಂದ.

ಸಂಘದ ಕಾರ್ಯದರ್ಶಿಯವರೂ ಆಗ ಊರಿನಲ್ಲೇ ಇದ್ದರು. ಸಂಚಿಕೆ ಮಂಗಳೂರಿನಲ್ಲೇ ಅಚ್ಚಾಗುತ್ತಿತ್ತು. ದಾಖಲೆಯ ನಕಲು, ತಿದ್ದಿದ ಲೇಖನ ಎರಡನ್ನೂ ಅವರ ಮುಂದಿಟ್ಟೆ. ಅವರು ಓದಿ ಕಸಿವಿಸಿಗೊಂಡರು.

"ಅಕ್ಕಾ, ಕಾನ್‌ಸ್ಟೇಬಲ್ ಹೌದು, ಒಪ್ಪಿದೆ. ಆದರೆ ನಿದ್ರೆಯ ವಿಷಯ ಬೇಡ. ಹಿರಿಯರ ಮರ್ಯಾದೆ ಉಂಟಲ್ಲ?"

"ಡ್ಯೂಟಿಯಲ್ಲಿ ನಿದ್ರೆ ಮಾಡಬೇಕಾದರೆ ಮೊದಲು ಡ್ಯೂಟಿ ಇರಬೇಕಲ್ಲ? ನಿಮಗೆ ಬೇಕಾದ ದಾಖಲೆ ಅದೇ. ಒಂದು ಅಕ್ಷರ ತೆಗೆದರೂ ನಾನು ಸುಮ್ಮನಿರುವವಳಲ್ಲ."

ಅವರು ಮಾತು ಕೊಟ್ಟರು.

೧೯೯೧ರ ಕೊನೆಗೆ ನಾವೆಲ್ಲ ಒಬ್ಬೊಬ್ಬರಾಗಿ ಕುವೈತಿಗೆ ಹಿಂತಿರುಗಿದೆವು. ನನ್ನ ಆರು ಯಂತ್ರಗಳಲ್ಲಿ ಎರಡು ಉಳಿದಿದ್ದವು. ಸಂಘದ ಮೊದಲ ಸಭೆ ಹವಲ್ಲಿಯ ಒಂದು ಮನೆಯ ಹಾಲಿನಲ್ಲಿ ಸೇರಿತು. ಕಾರ್ಯದರ್ಶಿ ಊರಿನಿಂದ ತಂದ ಸಂಚಿಕೆಯನ್ನು ಬಿಡಿಸಿ, ನನ್ನ ಲೇಖನವನ್ನು ತಾವೇ ಎದ್ದು ಓದತೊಡಗಿದರು. ಅವರು ಮಾತಿಗೆ ತಪ್ಪಿರಲಿಲ್ಲ, ಒಂದು ಅಕ್ಷರವನ್ನೂ ತೆಗೆದಿರಲಿಲ್ಲ. ಹಿರಿಯರ ಮರ್ಯಾದೆ ಉಳಿಸಲು 'ನಿದ್ರೆ'ಯ ಹಿಂದೆ 'ಚಿರ' ಎಂದು ಎರಡಕ್ಷರ ಸೇರಿಸಿದ್ದರು.

"ಖಜಾನೆಯ ಕಾವಲಿನಲ್ಲಿದ್ದಾಗ ಅವರು ಹಾಡಹಗಲೇ ಚಿರನಿದ್ರೆಗೆ ಜಾರಿದರು" ಎಂದು ಓದಿ ಅವರು ತಲೆ ಬಗ್ಗಿಸಿದರು. ಕರ್ತವ್ಯದಲ್ಲೇ ಪ್ರಾಣಬಿಟ್ಟವರೆಂದು ಹಾಲಿನಲ್ಲಿದ್ದವರೆಲ್ಲ ಎದ್ದು ಒಂದು ನಿಮಿಷ ಮೌನವಾಗಿ ನಿಂತರು. ನಾನೂ ನಿಂತೆ, ಏನು ಮಾಡುವುದು? ಎಲ್ಲರೂ ಕೂತ ಮೇಲೆ ಕಾರ್ಯದರ್ಶಿ, ತಾವು ತಿದ್ದಲು ಮರೆತಿದ್ದ ಮುಂದಿನ ಸಾಲನ್ನು ಅದೇ ಗಂಭೀರ ಸ್ವರದಲ್ಲಿ ಓದಿದರು.

"ಈ ತಪ್ಪಿಗಾಗಿ ಅವರಿಗೆ ನಾಲ್ಕು ದಿನ ಹೆಚ್ಚಿನ ಡ್ರಿಲ್ ಮಾಡಿಸಲಾಯಿತು."

ಮೊದಲು ನಕ್ಕದ್ದು ನನ್ನ ಮಗಳು. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ಕಾರ್ಯದರ್ಶಿ ಕೆಂಪಾಗಿ ನನ್ನ ಕಡೆ ನೋಡಿದರು. ನಾನು ಎದ್ದು ಸೆರಗು ಸರಿಮಾಡಿಕೊಂಡು ಹೇಳಿದೆ:

"ನಗುವುದೆಂತ? ಸತ್ತ ಮೇಲೂ ನಾಲ್ಕು ದಿನ ಡ್ಯೂಟಿಗೆ ಹೋದ ಪೊಲೀಸ್ ನಿಮ್ಮಲ್ಲಿ ಯಾರ ಮನೆಯಲ್ಲಿದ್ದಾರೆ, ಹೇಳಿ ನೋಡುವಾ!"