ಸಿಲಿಂಡರಿಗೊಂದು ಬಾಣಂತನ

ನಮ್ಮ ದೊಡ್ಡಮ್ಮನಿಗೆ ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ನಾನು ಮೂರು ಎನ್ನುತ್ತೇನೆ. ಇಬ್ಬರು ಹೆಣ್ಣುಮಕ್ಕಳು. ಮದುವೆಯಾಗಿ ಒಬ್ಬಳು ಬಾಗಲೂರಿನಲ್ಲಿದ್ದಾಳೆ, ಇನ್ನೊಬ್ಬಳು ತುಮಕೂರಿನಲ್ಲಿ. ಮೂರನೆಯದು ಮದುವೆಯಾಗದೆ ಮನೆಯಲ್ಲೇ ಉಳಿದಿದೆ. ಕೆಂಪು ಬಣ್ಣ, ಗುಂಡು ಮೈ, ಅಡುಗೆ ಕಟ್ಟೆಯ ಕೆಳಗೆ ವಾಸ. ಅದು ಗ್ಯಾಸ್ ಸಿಲಿಂಡರ್! ತಮಗೆ ಸಿಗದ ಮುದ್ದೆಲ್ಲ ಇದಕ್ಕೆ ಸಿಕ್ಕಿತೆಂದು ಅಕ್ಕಂದಿರಿಗೆ ಇಂದಿಗೂ ಮುನಿಸು.

ನಗಬೇಡಿ. ನಾನೂ ಮೊದಮೊದಲು ನಕ್ಕವಳೇ. ಈಗ ಮನೆಯಲ್ಲಿ ಯಾರಾದರೂ ಲೈಟರ್ ಒತ್ತಿ ‘ಟಕ್’ ಎನ್ನಿಸಿದರೆ ಸಾಕು, ಕೂತಲ್ಲಿಂದ ಎದ್ದು ನಿಲ್ಲುತ್ತೇನೆ. ರೆಗ್ಯುಲೇಟರ್ ಆರಿಸಿದ್ದೇನೆಯೇ ಎಂದು ಮೂರು ಸಲ ಹೋಗಿ ನೋಡುತ್ತೇನೆ. ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳ ಗತಿ ಇದು! ಯಾಕೆ ಹೀಗಾಯಿತೆಂದು ಹೇಳಬೇಕಾದರೆ ಮೊದಲು ದೊಡ್ಡಮ್ಮನ ಕಾಲುಗಳ ವಿಷಯ ಹೇಳಬೇಕು.

ಕೋಗಿಲಿನ ಅರ್ಧ ಊರು ಬೆಳೆದದ್ದು ಆ ಕಾಲುಗಳ ಮೇಲೆ. ಬಚ್ಚಲಿನಲ್ಲಿ ಮಣೆ ಹಾಕಿಕೊಂಡು, ಸೀರೆಯನ್ನು ಮಂಡಿಗೇರಿಸಿ, ಎರಡೂ ಕಾಲು ಚಾಚಿ ಕೂತಳೆಂದರೆ ಊರಿನ ಹಸುಗೂಸುಗಳಿಗೆಲ್ಲ ಅದೇ ಹಾಸಿಗೆ. ಎಣ್ಣೆ ತಿಕ್ಕಿ, ಕೈಕಾಲು ನೀವಿ, ತಲೆಯನ್ನು ದುಂಡಗೆ ಒತ್ತಿ, ಬಿಸಿನೀರು ಎರೆದು, ಕೊನೆಗೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ತೋರಿಸಿ ಕೊಟ್ಟರೆ, ಮಗು ನಾಲ್ಕು ಗಂಟೆ ಮಿಸುಕುತ್ತಿರಲಿಲ್ಲ. ತೋಟಗಳಿದ್ದಲ್ಲಿ ಅಪಾರ್ಟ್‌ಮೆಂಟುಗಳೆದ್ದ ಮೇಲೂ ಅವಳ ಬೇಡಿಕೆ ಇಳಿಯಲಿಲ್ಲ. ಹದಿನಾಲ್ಕನೇ ಮಹಡಿಯವರು ಕಾರು ಕಳಿಸಿ ಕರೆಸಿಕೊಳ್ಳುತ್ತಾರೆ! ಯಲಹಂಕದ ಕಡೆಯಿಂದ ಯುದ್ಧವಿಮಾನವೊಂದು ಅಬ್ಬರಿಸಿಕೊಂಡು ಹೋದರೆ ದೊಡ್ಡಮ್ಮ ಆಕಾಶಕ್ಕೇ ಬೈಯುತ್ತಾಳೆ: “ಈಗ್ ತಾನೆ ಮಲಗ್ಸಿದ್ನಲ್ಲೋ, ನಿನ್ ಮನೆ ಆಳಾಗ!”

ಇಂಥವಳ ಕೈಗೆ ಗ್ಯಾಸ್ ಒಲೆ ಕೊಟ್ಟರೆ ಇನ್ನೇನು ಮಾಡಿಯಾಳು? ಅದಕ್ಕೂ ಬಾಣಂತನ!

ಸಿಲಿಂಡರ್ ಬಂದ ದಿನ ಅದನ್ನು ಹೊಸಿಲಿನಲ್ಲೇ ತಡೆದು ದೃಷ್ಟಿ ನಿವಾಳಿಸುತ್ತಾಳೆ. ತಂದವನು ಬೆವರು ಒರೆಸಿಕೊಳ್ಳುತ್ತ, “ಅಮ್ಮಾ, ಇನ್ನೂ ನಲವತ್ ಮನೆಗೆ ಹೋಗ್ಬೇಕು” ಎಂದು ಗೋಗರೆದರೆ, “ನಲವತ್ ಮನೇಲೂ ಇಂಗೇ ದೊಪ್ ಅಂತ ಎತ್ತಾಕ್ತೀಯಾ? ಮೆಲ್ಲುಕ್ ಇಳ್ಸು. ಕತ್ಗೆ ಕೈ ಕೊಡು, ಕತ್ಗೆ!” ಎನ್ನುತ್ತಾಳೆ. ಮೂವತ್ತು ಕೆಜಿಯ ಕಬ್ಬಿಣಕ್ಕೆ ಕತ್ತು ಎಲ್ಲಿದೆ ಎಂದು ಆ ಮನುಷ್ಯ ತಡವರಿಸಿ ಹುಡುಕುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಆಮೇಲೆ ಸೀಗೆಪುಡಿ ಸ್ನಾನ. ಹಣೆಗೆ ಕುಂಕುಮ. ಹಣೆ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ! ರಾತ್ರಿ ಊಟ ಮುಗಿದ ಮೇಲೆ ತಪ್ಪದೆ ರೆಗ್ಯುಲೇಟರ್ ಆರಿಸುತ್ತಾಳೆ. ಒಳ್ಳೆಯ ಅಭ್ಯಾಸವೇ. ಕಾರಣ ಮಾತ್ರ ಬೇರೆ: “ಮಲಗೋ ಒತ್ನಲ್ಲಿ ಮಗ ಬಾಯ್ ಮುಚ್ಕೊಂಡಿರ್ಬೇಕು.” ನಂತರ ಹಳೆಯ ಹತ್ತಿ ಸೀರೆ ಹೊದಿಸುತ್ತಾಳೆ. ಇಲ್ಲದಿದ್ದರೆ ತಂಡಿಯಾಗುತ್ತದಂತೆ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಒಲೆಗೂ ಸಿಲಿಂಡರಿಗೂ ನಡುವಿನ ರಬ್ಬರ್ ಟ್ಯೂಬು. ಅದು ಯಾವ ಕಾಲದ್ದೋ. ಮೈಯೆಲ್ಲ ಸುಕ್ಕು, ಸಣ್ಣ ಸಣ್ಣ ಬಿರುಕು. ಬಿರುಕು ಹೆಚ್ಚಾದ ಜಾಗಕ್ಕೆ ದೊಡ್ಡಮ್ಮ ದೃಷ್ಟಿದಾರ ಸುತ್ತಿದ್ದಳು. ಮಗುವಿನ ಕಾಲಿಗೆ ಕಟ್ಟುತ್ತಾರಲ್ಲ, ಅದೇ ಕಪ್ಪು ದಾರ!

“ದೊಡ್ಡಮ್ಮಾ, ಇದನ್ನ ಬದಲಾಯ್ಸಬೇಕು. ಎಷ್ಟು ದಿನ ಬಾಳುತ್ತೆ ಅಂತ ಟ್ಯೂಬ್ ಮೇಲೇ ತಾರೀಕು ಹಾಕಿರ್ತಾರೆ, ನೋಡು.”

“ಆ ದೇವ್ರು ನನ್ ಮ್ಯಾಲೂ ತಾರೀಕ್ ಬರ್ದವ್ನೆ. ನನ್ನೂ ಬದ್ಲಾಯ್ಸ್ತೀಯಾ?”

ಹಿತ್ತಲ ಸೀಬೆ ಮರದ ಕೆಳಗೆ ಪೇಪರ್ ಓದುತ್ತಿದ್ದ ದೊಡ್ಡಪ್ಪ ತಲೆ ಎತ್ತದೆ, “ಬದ್ಲಾಯ್ಸೋ ಅಂಗಿದ್ರೆ ನಾನ್ ಬಿಡ್ತಿದ್ನಾ?” ಎಂದರು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ದೊಡ್ಡಪ್ಪ ದಿನಕ್ಕೆ ಒಂದೋ ಎರಡೋ ಮಾತಾಡುತ್ತಾರೆ. ಅಂದಿನ ಲೆಕ್ಕ ಅಲ್ಲಿಗೆ ಮುಗಿಯಿತು. ಟ್ಯೂಬಿನ ಮಾತೂ ಮುಗಿಯಿತು.

ಅಮ್ಮನಿಗೆ ಮಂಡಿ ಆಪರೇಷನ್ ಆದದ್ದರಿಂದ ನನ್ನ ಬಾಣಂತನಕ್ಕೆ ದೊಡ್ಡಮ್ಮನೇ ದಿಕ್ಕಾದಳು. ಎರಡು ತಿಂಗಳ ಮಗಳನ್ನು ಎತ್ತಿಕೊಂಡು ಕೋಗಿಲಿಗೆ ಬಂದೆ. ಆ ಮನೆ ಹೇಗಿದೆ ಎಂದು ಒಮ್ಮೆ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ತಲೆಯೊಳಗೆ ನಾನು ದಿನಕ್ಕೆ ಹತ್ತು ಸಲ ಅಲ್ಲಿ ಓಡಾಡುತ್ತೇನೆ. ಮುಂದೆ ನಡುಮನೆ, ಅದರ ಹಿಂದೆ ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ದಾಟಿದರೆ ಹಿತ್ತಲು. ಅಲ್ಲೇ ಬಚ್ಚಲು, ಬಚ್ಚಲಿನಲ್ಲಿ ಸೌದೆ ಉರಿಸುವ ಹಂಡೆ ಒಲೆ. ಹಿತ್ತಲ ಗೇಟು ಹಿಂದಿನ ರಸ್ತೆಗಿದೆ, ಅಲ್ಲಿಂದ ಮುಂಬಾಗಿಲಿಗೆ ಸುತ್ತಿ ಬರಲು ಹತ್ತಿರದ ದಾರಿಯಿಲ್ಲ. ಅಂದರೆ ಮಗು ಸ್ನಾನಕ್ಕೆ ಹೋಗುವುದೂ ಬರುವುದೂ ಅಡುಗೆಮನೆಯ ಮೂಲಕವೇ.

ಆ ಬೆಳಿಗ್ಗೆ ಗ್ಯಾಸ್ ಮುಗಿಯುತ್ತ ಬಂದಿತ್ತು. ಹಾಲಿನ ಪಾತ್ರೆಯ ಕೆಳಗೆ ಉರಿ ಕಡಲೆಕಾಳಿನಷ್ಟಾಗಿ ನಡುಗುತ್ತಿತ್ತು.

“ತುಂಬಿದ್ದು ಇನ್ನೊಂದು ಇದ್ಯಲ್ಲ ದೊಡ್ಡಮ್ಮಾ, ಅದನ್ನ ಹಾಕೋಣ.”

“ಉಸ್ರು ಆಡ್ತಿರೋದ್ನ ಬೀದಿಗ್ ಆಕ್ತಾರೇನೇ? ಒಟ್ಟೆ ಉಬ್ರ ಅಷ್ಟೆಯ. ತಡಿ.”

ಗೋಣಿಚೀಲ ಹಾಸಿದಳು. ಸಿಲಿಂಡರನ್ನು ಮೆಲ್ಲಗೆ ಅದರ ಮೇಲೆ ಅಡ್ಡ ಮಲಗಿಸಿದಳು. ಬೆನ್ನು ತಟ್ಟಿದಳು. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಹೊಟ್ಟೆಗೆ ಶಾಖ ಕೊಟ್ಟಳು. ಒಲೆಯ ಉರಿ ಭುಗ್ಗೆಂದು ಎದ್ದಿತು.

“ನೋಡ್ದಾ? ತೇಗ್ತು!”

“ಹಾಗೆ ಮಲಗಿಸ್ಬಾರ್ದು ದೊಡ್ಡಮ್ಮ, ಒಳಗಿರೋ ದ್ರವನೇ ಟ್ಯೂಬಿಗೆ ನುಗ್ಗುತ್ತೆ…” ಎಂದು ಶುರು ಮಾಡಿದೆ. ಅಷ್ಟರಲ್ಲಿ ನಡುಮನೆಯಲ್ಲಿ ಮಗು ಅತ್ತಿತು, ನಾನು ಓಡಿದೆ. ಮಾತು ಅರ್ಧಕ್ಕೇ ನಿಂತಿತು. ಉಳಿದರ್ಧ ಇವತ್ತಿಗೂ ನನ್ನ ಗಂಟಲಲ್ಲೇ ಇದೆ.

ಹಾಲು ಉಕ್ಕಿದ ಮೇಲೆ ದೊಡ್ಡಮ್ಮ ಒಲೆ ಆರಿಸಿದಳು. ರೆಗ್ಯುಲೇಟರ್ ಆರಿಸಲಿಲ್ಲ. ಸಿಲಿಂಡರನ್ನು ಎಬ್ಬಿಸಲೂ ಇಲ್ಲ. “ಸುಸ್ತಾಗೈತೆ, ವಸಿ ಮಲಗಿರ್ಲಿ” ಎಂದು ಮಗುವನ್ನೆತ್ತಿಕೊಂಡು ಬಚ್ಚಲಿಗೆ ಹೋದಳು.

ಅರ್ಧ ಗಂಟೆ ಕಳೆದಿರಬಹುದು. ನಾನು ನಡುಮನೆಯಲ್ಲಿ ಮಗುವಿನ ಬಟ್ಟೆ ಮಡಿಸುತ್ತಿದ್ದೆ. ಕೊಳೆತ ಕೋಸಿನಂಥ ವಾಸನೆ ಮೂಗಿಗೆ ಬಡಿಯಿತು. ಅಡುಗೆಮನೆಯ ಬಾಗಿಲಿಗೆ ಬಂದರೆ, ಸುಸ್ಸೆಂಬ ಸದ್ದು. ಎಳೆದುಕೊಂಡು ಬಿಗಿಯಾಗಿದ್ದ ಟ್ಯೂಬು ಕಪ್ಪು ದಾರದ ಪಕ್ಕದಲ್ಲೇ ಬಾಯಿ ಬಿಟ್ಟಿತ್ತು. ಬಿರುಕಿನ ಸುತ್ತ ಬಿಳಿಯ ಹಿಮ ಕಟ್ಟುತ್ತಿತ್ತು.

ಈಗ ಕೇಳಿ, ನನ್ನ ವಿದ್ವತ್ತಿನ ಕತೆ! ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹರಿಯುತ್ತದೆ, ಎಲ್ಲಿ ಕಿಡಿಯಿದೆಯೋ ಅಲ್ಲಿಯವರೆಗೂ ಹೋಗುತ್ತದೆ. ಆದ್ದರಿಂದ ಬೆಂಕಿ ಕೂಡದು, ಯಾವ ಸ್ವಿಚ್ಚನ್ನೂ ಮುಟ್ಟಕೂಡದು. ಇದು ನನ್ನದೇ ಪಾಠ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳಿದ್ದೇನೆ. ತಪ್ಪು ಬರೆದವರಿಗೆ ಸೊನ್ನೆಯನ್ನೂ ಕೊಟ್ಟಿದ್ದೇನೆ! ಅಂಥ ನನ್ನ ಕೈ ಎಲ್ಲಿಗೆ ಹೋಯಿತು ಎನ್ನುತ್ತೀರಿ? ವಾಸನೆ ಹೊರಗೆ ಹೋಗಲೆಂದು ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿಗೆ.

ಅದೇ ಹೊತ್ತಿಗೆ ಹಿಂಬಾಗಿಲಿನಲ್ಲಿ ದೊಡ್ಡಮ್ಮ ಕಾಣಿಸಿದಳು. ಎಡಗೈಯಲ್ಲಿ ಬಟ್ಟೆ ಸುತ್ತಿದ ನನ್ನ ಮಗಳು. ಬಲಗೈಯಲ್ಲಿ ಸಾಂಬ್ರಾಣಿಗೆಂದು ಹಂಡೆ ಒಲೆಯಿಂದ ತೋಡಿಕೊಂಡ ಕೆಂಡದ ಬಟ್ಟಲು.

ಅವಳ ಮೂಗು ಅರಳಿತು. ಕಣ್ಣು ನನ್ನ ಕೈಮೇಲೆ ನಿಂತಿತು.

“ಸ್ವಿಚ್ ಮುಟ್ಟಿದ್ರೆ ಕೈ ಮುರೀತೀನಿ.”

ಪಿಸುಮಾತಿನಲ್ಲಿ ಹೇಳಿದಳು. ಮಗು ನಿದ್ದೆಗೆ ಜಾರುತ್ತಿತ್ತಲ್ಲ, ಅದಕ್ಕೆ! ಮನೆ ಹಾರಿಹೋಗುವ ಗಳಿಗೆಯಲ್ಲೂ ಮಗುವಿನ ನಿದ್ದೆ ಕೆಡಬಾರದು ಎಂಬ ಶಿಸ್ತು ಜಗತ್ತಿನಲ್ಲಿ ಇನ್ಯಾರಿಗಿದ್ದೀತು?

ಓಡಲಿಲ್ಲ. ಹಿಮ್ಮುಖವಾಗಿಯೇ ಹಿತ್ತಲಿಗಿಳಿದಳು. ಕೆಂಡದ ಬಟ್ಟಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದ ‘ಚೊಂಯ್’ ಸದ್ದು ಕೇಳಿಸಿತು. ಆಮೇಲೆ ಸೀಬೆ ಮರದ ಕಡೆಯಿಂದ ಮಾತು.

“ಇಡ್ಕೊಳ್ಳಿ. ಹಿತ್ಲ ಗೇಟ್ ತಗ್ದು ರಸ್ತೆಗ್ ಓಗಿ. ಗ್ಯಾಸ್ ಸೋರ್ತೈತೆ.”

“ನಂಗ್ ಮಗ ಇಡ್ಕೊಳಾಕ್ ಬರಾಕಿಲ್ಲ ಕಣೇ!”

“ಪೇಪರ್ ಇಡ್ಕೊಳಾಕ್ ಬತ್ತದಲ್ಲ? ಅಂಗೇ ಇಡ್ಕೊಳ್ಳಿ!”

ತಮ್ಮ ಸ್ವಂತ ಮಕ್ಕಳನ್ನೇ ನಡೆಯಲು ಕಲಿತ ಮೇಲೆ ಎತ್ತಿಕೊಂಡಿದ್ದ ದೊಡ್ಡಪ್ಪ, ಎರಡೂ ಕೈಯಲ್ಲಿ ಮಗುವನ್ನು ಎದುರಿಗೆ ಚಾಚಿ ಹಿಡಿದು, ತಲೆಬರಹ ಓದುವವರಂತೆ ಅದರ ಮುಖವನ್ನೇ ನೋಡುತ್ತ ರಸ್ತೆಗೆ ಹೋದರಂತೆ. ಬೀದಿಯವರು ಈಗಲೂ ಅಭಿನಯಿಸಿ ತೋರಿಸುತ್ತಾರೆ.

ದೊಡ್ಡಮ್ಮ ಹಂಡೆಯ ನೀರನ್ನು ಮೊಗೆಮೊಗೆದು ಒಲೆಗೆ ಸುರಿದು ಬೆಂಕಿಯನ್ನು ಪೂರ್ತಿ ಆರಿಸಿದಳು. ಗ್ಯಾಸ್ ನೆಲದ ಮೇಲೆ ಹರಿಯುತ್ತದೆ ಎಂದು ಅವಳಿಗೆ ಯಾರು ಪಾಠ ಮಾಡಿದ್ದರೋ! ಒದ್ದೆ ಸೆರಗನ್ನು ಮೂಗಿಗೆ ಸುತ್ತಿಕೊಂಡು ಒಳಗೆ ಬಂದಳು. ರೆಗ್ಯುಲೇಟರ್ ತಿರುಗಿಸಿ ಆರಿಸಿದಳು. ಸಿಲಿಂಡರನ್ನು ತಬ್ಬಿ ನೆಟ್ಟಗೆ ನಿಲ್ಲಿಸಿದಳು. ಕಿಟಕಿ ತೆರೆದಳು. ಸ್ವಿಚ್ಚಿಗೆ ಎರಡಂಗುಲ ದೂರದಲ್ಲಿ ಇನ್ನೂ ಗಾಳಿಯಲ್ಲೇ ನಿಂತಿದ್ದ ನನ್ನ ಕೈಯನ್ನು, ಗೂಟದಿಂದ ಬಟ್ಟೆ ತೆಗೆದುಕೊಳ್ಳುವಂತೆ, ಕೆಳಗಿಳಿಸಿ ನನ್ನನ್ನು ಹೊರಗೆ ಎಳೆದುಕೊಂಡು ಹೋದಳು.

“ಓದಿರೋಳ್ ನೀನು” ಎಂದಳು. ಅಷ್ಟೇ.

ಫೋನ್ ಮಾಡಿದ ಮೇಲೆ ಏಜೆನ್ಸಿಯ ಮೆಕ್ಯಾನಿಕ್ ಬಂದ. ವಾಸನೆ ಪೂರ್ತಿ ಹೋಗುವವರೆಗೆ ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ಗೋಣಿಚೀಲ ನೋಡಿ, ಟ್ಯೂಬು ನೋಡಿ, ದೊಡ್ಡಪ್ಪನನ್ನು ಕೇಳಿದ:

“ಯಾರ್ ಸಾರ್ ಸಿಲಿಂಡರ್ ಮಲಗ್ಸಿದ್ದು?”

ದೊಡ್ಡಮ್ಮ ಸೀಬೆ ಮರ ನೋಡಿದಳು. ನಾನು ಆಕಾಶ ನೋಡಿದೆ. ದೊಡ್ಡಪ್ಪ ಗಂಭೀರವಾಗಿ, “ಆಯಾಸ ಆಗಿತ್ತು, ತಾನೇ ಮಲ್ಕಂತು” ಎಂದರು.

“ಏನ್ ಸಾರ್ ತಮಾಷೆ ಮಾಡ್ತೀರಾ! ಇದೇನ್ ಸಾರ್, ಟ್ಯೂಬ್‌ಗೆ ದೃಷ್ಟಿದಾರ? ದಾರ ಸುತ್ತಿದ್ರೆ ಬಿರುಕು ಕಾಣಲ್ಲ ಕಣ್ರೀ, ಅಷ್ಟೇ. ಹೋಗಲ್ಲ!” ಎಂದು ಹಳೆಯ ಟ್ಯೂಬನ್ನು ಕಿತ್ತು ಎರಡು ತುಂಡು ಮಾಡಿ ಎಸೆದ. ಮತ್ತೆ ಬಳಸಿಯಾರು ಎಂಬ ಭಯ ಅವನಿಗೆ! ಹೊಸ ಟ್ಯೂಬು ಹಾಕಿ, ಜೋಡಣೆಗೆಲ್ಲ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವುದಿಲ್ಲ ಎಂದು ನಮಗೆಲ್ಲ ತೋರಿಸಿದ. “ಸಿಲಿಂಡರ್ ಯಾವಾಗ್ಲೂ ನಿಂತಿರ್ಬೇಕು ಅಮ್ಮಾ. ಮಲಗ್ಸೋದು, ಅಲ್ಲಾಡ್ಸೋದು, ಬಿಸಿ ತಾಗ್ಸೋದು ಏನೂ ಬೇಡ. ಮುಗೀತಾ, ಮುಗೀತು. ಟ್ಯೂಬ್ ತಾರೀಕು ನೋಡ್ತಿರಿ. ಕೆಲ್ಸ ಆದ್ ತಕ್ಷಣ ರೆಗ್ಯುಲೇಟರ್ ಆರ್ಸಿ, ರಾತ್ರಿ ಅಷ್ಟೇ ಅಲ್ಲ.”

ಎದುರುತ್ತರಕ್ಕೆ ಹೆಸರಾದ ದೊಡ್ಡಮ್ಮ ಪ್ರತಿ ಮಾತಿಗೂ ತಲೆಯಾಡಿಸಿದಳು. ಆಗಲೇ ನನಗೆ ಏನೋ ಸರಿಯಿಲ್ಲ ಎನ್ನಿಸಿತ್ತು.

ಮರುದಿನ ಹಂಡೆಯಲ್ಲಿ ನೀರು ಕಾದಿತ್ತು, ಎಣ್ಣೆ ಬೆಚ್ಚಗಾಗಿತ್ತು. ದೊಡ್ಡಮ್ಮ ಮಾತ್ರ ಹಿತ್ತಲ ಕಟ್ಟೆಯ ಮೇಲೆ ಕೂತು ದಂಟಿನಸೊಪ್ಪು ಬಿಡಿಸುತ್ತಿದ್ದಳು.

“ಬಾ ದೊಡ್ಡಮ್ಮ, ಹೊತ್ತಾಯ್ತು.”

“ನೀನೇ ಎರ್ಕೊ ಅಮ್ಮಣ್ಣಿ. ನನ್ ಕೈಲಿ ಇನ್ ಆಗಾಕಿಲ್ಲ.”

“ಯಾಕೆ?”

ಸೊಪ್ಪನ್ನು ಕೆಳಗಿಟ್ಟಳು. ಎರಡೂ ಅಂಗೈಯನ್ನು ಮುಂದೆ ಹಿಡಿದು, ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. “ಇದ್ರಲ್ಲಿ ನಿನ್ ಕೂಸು. ಇದ್ರಲ್ಲಿ ಕೆಂಡ. ಇನ್ ಮೂರ್ ಎಜ್ಜೆ ಇಕ್ಕಿದ್ರೆ ಏನಾಯ್ತಿತ್ತು ಏಳು.”

ಅದೇ ಮೂರು ಹೆಜ್ಜೆಯನ್ನು ನಾನೂ ಎಣಿಸುತ್ತಲೇ ಇದ್ದೆ. “ನೀನು ಬರದೇ ಇದ್ದಿದ್ರೆ ನಾನು ಸ್ವಿಚ್ ಹಾಕ್ಬಿಡ್ತಿದ್ದೆ, ದೊಡ್ಡಮ್ಮ” ಎಂದೆ. ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಸರಿ, ನಾನೇ ಬಚ್ಚಲಿಗೆ ಹೋದೆ. ಕಾಲು ಚಾಚಿ ಮಗುವನ್ನು ಮಲಗಿಸಿದೆ. ಎಣ್ಣೆಗೈಗೆ ಅದು ಮೀನಿನಂತೆ ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಹೊರಗಿನಿಂದ ಕೂಗು ಬಂತು: “ಕಾಲ್ ಜೋಡ್ಸೇ! ಸಂದೀಲಿ ಬಿದ್ದೋಯ್ತದೆ!” ಹಿಂದೆಯೇ ಅವಳೂ ಬಂದಳು. ನನ್ನನ್ನು ಪಕ್ಕಕ್ಕೆ ನೂಕಿ ಮಣೆಯ ಮೇಲೆ ಕೂತಳು. ಮಗುವನ್ನು ಅವಳ ಕಾಲಮೇಲೆ ಮಲಗಿಸಿದೆ.

ತಂಬಿಗೆಯಲ್ಲಿ ನೀರು ತೋಡಿದಳು. ತಂಬಿಗೆ ಅರ್ಧದಲ್ಲೇ ನಿಂತಿತು. ನಲವತ್ತು ವರ್ಷದಿಂದ ಊರಿನ ಮಕ್ಕಳಿಗೆಲ್ಲ ಎರೆದವಳು, ನೀರಿನ ಆವಿ ನೋಡಿಯೇ ಹದ ಹೇಳುವವಳು, ಯಾರನ್ನೂ ಒಂದು ಮಾತು ಕೇಳಿದವಳಲ್ಲ. ತಂಬಿಗೆಯನ್ನು ನನ್ನ ಕಡೆ ಚಾಚಿದಳು.

“ಅಮ್ಮಣ್ಣಿ, ವಸಿ ಮುಟ್ ನೋಡು. ಬಿಸಿ ಎಚ್ಚಾಗಿಲ್ಲ ತಾನೆ?”

ಬೆರಳು ಅದ್ದಿದೆ. ಹದವಾಗಿತ್ತು.

“ಸರಿಯಾಗಿದೆ.”

“ಇನ್ನೊಂದ್ ಸಲ ನೋಡು.”

ಇನ್ನೊಂದು ಸಲ ನೋಡಿದೆ. ಈ ಸಲ ಇಡೀ ಕೈ ಮುಳುಗಿಸಿ, ನಿಧಾನವಾಗಿ ನೋಡಿದೆ.

“ಸರಿಯಾಗಿದೆ ದೊಡ್ಡಮ್ಮ. ಎರೆ.”

ಎರೆದಳು.