ಇದು ನನ್ನ ಮುಖ ಅಲ್ಲ ಅಂದವರು

ಮದ್ದೂರಿನ ಬಸ್ ಸ್ಟ್ಯಾಂಡ್ ಹತ್ತಿರ ಫೋಟೋ ಸ್ಟುಡಿಯೋ ಇಟ್ಟುಕೊಂಡವನು ಬೈಗುಳ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ. ರೀಲಿನ ಕಾಲದಲ್ಲಿ ಫೋಟೋ ಕೈಗೆ ಸಿಗಲು ನಾಲ್ಕು ದಿನ ಆಗುತ್ತಿತ್ತು. ಅಷ್ಟರಲ್ಲಿ ಜನರ ಸಿಟ್ಟು ಇಳಿದಿರುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಆಗಲೇ ಬಂದುಬಿಡುತ್ತದೆ, ಪಕ್ಕದ ಗೋಡೆಯಲ್ಲೇ ಕನ್ನಡಿ. ಗಿರಾಕಿ ಅದನ್ನೊಮ್ಮೆ ನೋಡುತ್ತಾನೆ, ಇದನ್ನೊಮ್ಮೆ ನೋಡುತ್ತಾನೆ, ಆಮೇಲೆ ನನ್ನನ್ನು ನೋಡುತ್ತಾನೆ. ತಪ್ಪು ಕನ್ನಡಿಯದ್ದು ಅಂತ ಇದುವರೆಗೆ ಒಬ್ಬರೂ ಹೇಳಿಲ್ಲ.

ಕನ್ನಡಿಯ ಗಿರಾಕಿ

ನನಗಿಂತ ನನ್ನ ಕನ್ನಡಿಗೇ ಗಿರಾಕಿಗಳು ಜಾಸ್ತಿ. ಮಳವಳ್ಳಿಗೆ ಹೆಣ್ಣು ನೋಡಲು ಹೊರಟವರು, ಮಂಡ್ಯದ ಕೋರ್ಟಿಗೆ ಹೊರಟವರು, ಎಲ್ಲರೂ ಬಸ್ಸು ಬರುವುದರೊಳಗೆ ನುಗ್ಗಿ, ನನ್ನ ಬಾಚಣಿಗೆಯಲ್ಲಿ ತಲೆ ಬಾಚಿ, ನನ್ನ ಪೌಡರು ಹಚ್ಚಿಕೊಂಡು ಹೋಗುತ್ತಾರೆ. ಬೆಸಗರಹಳ್ಳಿ ಕಡೆಯ ಶಾಲೆಗೆ ಹೋಗುವ ಒಬ್ಬ ಮೇಷ್ಟ್ರಂತೂ ಹಾಜರಿ ಹಾಕುವವರಂತೆ ದಿನಾ ಬರುತ್ತಿದ್ದರು. ವರ್ಷವಾದರೂ ಒಂದು ಪಾಸ್‌ಪೋರ್ಟ್ ಸೈಜು ತೆಗೆಸಲಿಲ್ಲ. ಕೊನೆಗೆ ನಾನೇ ಮನಸ್ಸು ಗಟ್ಟಿ ಮಾಡಿ ಕನ್ನಡಿಯ ಮೇಲೆ ಒಂದು ಚೀಟಿ ಅಂಟಿಸಿದೆ: 'ಮೊದಲು ಫೋಟೋ, ಆಮೇಲೆ ಬಾಚಣಿಗೆ.'

ಮಾರನೆಯ ದಿನ ಮೇಷ್ಟ್ರು ಬಂದರು, ಚೀಟಿ ಓದಿದರು. ಜೇಬಿನಿಂದ ಮೊಬೈಲು ತೆಗೆದು ಕನ್ನಡಿಯೊಳಗಿನ ತಮ್ಮನ್ನೇ ಒಂದು ಫೋಟೋ ಹೊಡೆದುಕೊಂಡು ನನಗೆ ತೋರಿಸಿದರು.

"ಆಯ್ತಲ್ಲ? ಈಗ ಬಾಚಣಿಗೆ ಕೊಡಿ."

ಕೊಟ್ಟೆ. ಬಾಚಿದ ಮೇಲೆ ಇನ್ನೊಂದು ಹೊಡೆದುಕೊಂಡರು. ಹೊರಡುವಾಗ, "ಇಲ್ಲಿ ಲೈಟು ಚೆನ್ನಾಗಿದೆ ಕಣ್ರೀ, ಈ ಚೀಟಿ ಮಾತ್ರ ಅಡ್ಡ ಬರ್ತದೆ, ಸ್ವಲ್ಪ ಮೇಲಕ್ಕೆ ಅಂಟಿಸಿ" ಅಂದರು.

ಮಚ್ಚೆ

ಆತಗೂರಿನಿಂದ ಗಂಡ ಹೆಂಡತಿ ಬಂದಿದ್ದರು, ಹೆಂಡತಿಯ ಯಾವುದೋ ಅರ್ಜಿಗೆ ಫೋಟೋ ಬೇಕಿತ್ತು. ಆಕೆಯ ತುಟಿಯ ಪಕ್ಕ ಕಡಲೆಬೇಳೆಯಷ್ಟು ಮಚ್ಚೆ. ಫೋಟೋ ಕೈಗೆ ಕೊಟ್ಟದ್ದೇ ತಡ, ಅದನ್ನು ಕನ್ನಡಿಯ ಪಕ್ಕ ಹಿಡಿದು ನೋಡಿ ಗರಂ ಆದರು.

"ಅಣ್ಣೋ, ಕನ್ನಡೀಲಿ ಮಚ್ಚೆ ಈ ಕಡೆ ಐತೆ. ನಿಮ್ಮ ಫೋಟೋದಲ್ಲಿ ಆ ಕಡೆಗೆ ಓಗೈತೆ. ಇದು ನನ್ನ ಮುಖ ಅಲ್ಲ."

ಕನ್ನಡಿ ಉಲ್ಟಾ ತೋರಿಸುತ್ತದೆ, ಎದುರು ನಿಂತವರಿಗೆ ನೀವು ಕಾಣುವುದು ಫೋಟೋದಲ್ಲಿ ಇರುವ ಹಾಗೇ ಅಂತ ವಿವರಿಸಿದೆ. "ಉಟ್ದಾಗ್ಲಿಂದ ನೋಡ್ತಾ ಇವ್ನಿ, ನನ್ನ ಮುಖ ನಂಗೆ ಗೊತ್ತಿಲ್ವಾ?" ಅಂದರು. ಅದೂ ಸರಿಯೇ. ಆದರೆ ಸಾಕ್ಷಿ ಪಕ್ಕದಲ್ಲೇ ಬೆಂಚಿನ ಮೇಲೆ ಮೊಬೈಲು ನೋಡುತ್ತಾ ಕೂತಿತ್ತು.

"ನೀವು ಇವರನ್ನ ದಿನಾ ಎದುರಿನಿಂದ ನೋಡ್ತೀರಿ. ಮಚ್ಚೆ ನಿಮಗೆ ಯಾವ ಕಡೆ ಕಾಣುತ್ತೆ? ನೀವೇ ಹೇಳಿ ಯಜಮಾನರೇ" ಅಂದೆ.

ಯಜಮಾನರು ಮೊಬೈಲಿನಿಂದ ತಲೆ ಎತ್ತಿ ಹೆಂಡತಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ಮಚ್ಚೆನಾ? ಇದ್ಯಾವಾಗ ಆಯ್ತಮ್ಮಿ ನಿಂಗೆ?"

ಆಮೇಲೆ ಅವರಿಬ್ಬರ ನಡುವೆ ನಡೆದ ಮಾತುಕತೆಯಲ್ಲಿ ನನ್ನ ಫೋಟೋದ ವಿಷಯ ಬರಲೇ ಇಲ್ಲ.

ಎಡದೆತ್ತು, ಬಲದೆತ್ತು

ಫ್ಲೆಕ್ಸ್ ಡಿಸೈನು ಕೂಡ ನಾನೇ ಮಾಡುತ್ತೇನೆ. ಮಳವಳ್ಳಿ ಕಡೆಯ ರೈತರೊಬ್ಬರು ಚುನಾವಣೆಯಲ್ಲಿ ಗೆದ್ದ ತಮ್ಮ ನಾಯಕರಿಗೆ ಶುಭಾಶಯ ಕೋರುವ ಫ್ಲೆಕ್ಸ್ ಮಾಡಿಸಲು ಬಂದರು. ಒಂದು ಕಡೆ ನಾಯಕರು, ಇನ್ನೊಂದು ಕಡೆ ಜೋಡಿ ಎತ್ತು ಹಿಡಿದು ನಿಂತ ಇವರು. ತೊಂದರೆ ಏನೆಂದರೆ, ಫೋಟೋದಲ್ಲಿ ಇವರೂ ಎತ್ತುಗಳೂ ನಾಯಕರನ್ನು ಬಿಟ್ಟು ಆಚೆ ಕಡೆ ನೋಡುತ್ತಿದ್ದರು. ನಾನು ಒಂದು ಗುಂಡಿ ಒತ್ತಿ ಕನ್ನಡಿಯಲ್ಲಿ ಕಂಡ ಹಾಗೆ ಇಡೀ ಫೋಟೋ ತಿರುಗಿಸಿಬಿಟ್ಟೆ. ಎಲ್ಲರೂ ನಾಯಕರ ಕಡೆಗೇ ಮುಖ ಮಾಡಿದರು. ನನಗೆ ನನ್ನ ಬಗ್ಗೆ ಹೆಮ್ಮೆ ಅನ್ನಿಸಿತು.

ರೈತರು ಕಂಪ್ಯೂಟರ್ ನೋಡಿದವರೇ ಕೂತಲ್ಲಿಂದ ಎದ್ದರು.

"ಏನ್ ಸ್ವಾಮಿ ಇಂಗ್ ಮಾಡ್‌ಬುಟ್ರಿ! ಎಡದೆತ್ತು ಬಲಕ್ಕೆ ಬಂದ್‌ಬುಡ್ತಲ್ಲ!"

ಅವರ ಕೈಗಡಿಯಾರ ಬಲಗೈಗೆ ಬಂದಿತ್ತು, ಅಂಗಿಯ ಜೇಬು ಬಲಗಡೆಗೆ ಹೋಗಿತ್ತು. ಅವೆರಡೂ ಅವರ ಕಣ್ಣಿಗೆ ಬೀಳಲಿಲ್ಲ. ನೊಗಕ್ಕೆ ಎಡಗಡೆ ಕಟ್ಟುವ ಎತ್ತನ್ನು ಬಲಗಡೆ ಕಟ್ಟಿದ್ದಾನೆ ಅಂತ ಊರೆಲ್ಲ ಆಡಿಕೊಳ್ಳುತ್ತದೆ, ನಾಳೆಯಿಂದ ತನ್ನನ್ನು ಯಾರೂ ಬೇಸಾಯಗಾರ ಅನ್ನುವುದಿಲ್ಲ ಅನ್ನುವುದೇ ಅವರ ಸಂಕಟ. "ನನ್ನ ಎಂಗಾರಾ ತಿರುಗ್ಸಿ. ಎತ್ತು ಇದ್ದಂಗೇ ಇರ್ಬೇಕು" ಅಂದರು.

ಅವರನ್ನು ಬೇರೆ, ಎತ್ತುಗಳನ್ನು ಬೇರೆ ಕತ್ತರಿಸಿ ಎತ್ತುಗಳನ್ನು ಮೊದಲಿನ ಹಾಗೆ ನಿಲ್ಲಿಸಿದೆ. ಎಡದೆತ್ತು ಎಡಕ್ಕೇ ಬಂತು. ಆದರೆ ಈಗ ಎರಡು ಎತ್ತುಗಳ ಬಾಲವೂ ನೇರವಾಗಿ ನಾಯಕರ ಮುಖದ ಕಡೆಗೆ. "ನಾಯಕರು ಬೇಜಾರು ಮಾಡ್ಕೊಳ್ಳಲ್ವಾ?" ಅಂತ ಮೆಲ್ಲಗೆ ಕೇಳಿದೆ.

ರೈತರು ಕಣ್ಣು ಕಿರಿದು ಮಾಡಿಕೊಂಡು ನೋಡಿದರು. "ಇರ್ಲಿ ಬುಡಿ. ಓದ್ಸಲ ಗೆದ್ದ್‌ಮ್ಯಾಕೆ ಅವ್ರೂ ನಮ್‌ಗೆ ಇದ್ನೇ ತಾನೆ ತೋರ್ಸಿದ್ದು."

ಅರ್ಧ ಯಜಮಾನರು

ಸೋಮನಹಳ್ಳಿ ಹತ್ತಿರದ ಒಂದು ಹಳ್ಳಿಯಿಂದ ಅಣ್ಣ ತಮ್ಮ ಇಬ್ಬರು ಬಂದರು. ತಂದೆ ತೀರಿಕೊಂಡಿದ್ದರು. ಮೂರು ದಿನ ಬಿಟ್ಟು ತಿಥಿ. ಎಡೆ ಇಡಲು ದೊಡ್ಡ ಫೋಟೋ ಬೇಕು. ಆದರೆ ಆ ಮನುಷ್ಯ ಬದುಕಿದ್ದಾಗ ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಿದ್ದರಂತೆ. ಸಿಕ್ಕಿದ್ದು ಒಂದೇ, ಯಾರದೋ ಮದುವೆಯ ಗುಂಪಿನ ಫೋಟೋ. ಅದರಲ್ಲೂ ಬೀಗರೊಬ್ಬರ ಪೇಟದ ಹಿಂದೆ ಅರ್ಧ ಮುಖ ಮರೆಯಾಗಿತ್ತು.

"ಇರೋ ಅರ್ಧಾನೇ ತಿರುಗಿಸಿ ಜೋಡಿಸ್ತೀನಿ" ಅಂದೆ. ಕನ್ನಡಿಯ ಅಂಚನ್ನು ಮೂಗಿನ ಮೇಲೆ ಇಟ್ಟ ಹಾಗೆ, ಎಡಗಡೆಯದ್ದೇ ಬಲಗಡೆಗೂ ಬಂತು. ಅಣ್ಣ ಕೋಟು ಹಾಕಿಸಿದ. ತಮ್ಮ, "ಅಪ್ಪ ನಗ್ತಾ ಇರಂಗೆ ಮಾಡಿ ಅಣ್ಣ" ಅಂದ. ಈಗಿನ ಕಂಪ್ಯೂಟರಿಗೆ ಹೇಳಿದರೆ ಅದೂ ಆಗುತ್ತದೆ. ನಗಿಸಿದೆ. ಫ್ರೇಮು ಹಾಕಿದ ಮೇಲೆ ನನಗೇ ಎದ್ದು ಕೈ ಮುಗಿಯಬೇಕು ಅನ್ನಿಸಿತು.

ತಿಥಿಯ ದಿನ ಮಧ್ಯಾಹ್ನ ತಮ್ಮ ಬೈಕಿನಲ್ಲಿ ಬೆವರು ಸುರಿಸಿಕೊಂಡು ಬಂದ. ಫೋಟೋ ಕಂಕುಳಲ್ಲಿತ್ತು.

"ಅಣ್ಣ, ಅವ್ವ ಎಡೆ ಇಕ್ಕಾಕಿಲ್ಲ ಅಂತ ಕೂತವ್ಳೆ. ನೆಂಟ್ರೆಲ್ಲ ಸಾಮಿಯಾನದಲ್ಲಿ ಅಸ್ಕೊಂಡವ್ರೆ. ಎಡೆ ಆಗ್ದೆ ಎಲೆ ಆಕಂಗಿಲ್ಲ."

"ಯಾಕಂತೆ?"

"ಇವ್ನ್ಯಾರ್ಲಾ, ಕಂಡೋರ್ ಗಂಡನ್ಗೆಲ್ಲ ನಾನ್ಯಾಕೆ ಎಡೆ ಇಕ್ಲಿ ಅಂತಾಳೆ."

ಅವನ ಅವ್ವನನ್ನೇ ಕೇಳಿ ಸರಿ ಮಾಡೋಣ ಅಂತ ಮನೆಗೆ ವೀಡಿಯೋ ಕಾಲ್ ಮಾಡಿಸಿದೆ. ಅತ್ತ ಕಡೆ ದೊಡ್ಡ ಸೊಸೆ ಆ ಅಜ್ಜಿಯನ್ನು ಮೊಬೈಲಿನ ಮುಂದೆ ಕೂರಿಸಿಕೊಂಡಿದ್ದಳು. ಇತ್ತ ತಮ್ಮ ತನ್ನ ಮೊಬೈಲನ್ನು ನನ್ನ ಕಂಪ್ಯೂಟರಿನ ಕಡೆಗೆ ಹಿಡಿದ. ಆ ಅಜ್ಜಿಗೆ ಬೇಕಾದ್ದು ಒಂದೇ, ತನ್ನ ಗಂಡನಿಗೆ ತಾನು ಎಡೆ ಇಡಬೇಕು. ಎದುರಿಗೆ ಕೂತಿರುವವನು ಗಂಡನೇ ಆಗಿರಬೇಕು, ಅಷ್ಟೇ.

"ಎರಡು ಕಣ್ಣೂ ಒಂದೇ ಸಮ ಯಾಕೈತೆ? ಬಲಗಣ್ಣು ಚಿಕ್ಕದು" ಅಂದರು ಅಜ್ಜಿ. ಚಿಕ್ಕದು ಮಾಡಿದೆ.

"ಅವ್ರ ದವಡೆ ಸೊಟ್ಟಗಿತ್ತು. ಓರಿ ಒದ್ದಿತ್ತು." ಸೊಟ್ಟ ಮಾಡಿದೆ.

"ಇನ್ನೂ ಸೊಟ್ಟ." ಇನ್ನೂ ಮಾಡಿದೆ. ಮೂವತ್ತು ವರ್ಷದಿಂದ ಜನರ ಮುಖ ನೆಟ್ಟಗೆ ಮಾಡಿ ಬದುಕಿದವನು ನಾನು. ಒಂದು ಮುಖವನ್ನು ಕೆಡಿಸಲು ಇಷ್ಟು ಕಷ್ಟಪಟ್ಟದ್ದು ಅದೇ ಮೊದಲು.

"ಬಲಗಡೆ ಮೀಸೆ ಕೆಳಿಕ್ಕೆ ಇಳ್ಸಿ. ಆ ಕೋಟು ಬಿಚ್ಚಿ, ಸೆಕೆಗೆ ಸಾಯ್ತಾರೆ." ಕೋಟು ಬಿಚ್ಚಿ ಟವೆಲ್ಲು ಹೊದಿಸಿದೆ. ಅತ್ತ ಕಡೆಯಿಂದ ಯಾರೋ "ಬೇಗ ಮುಗ್ಸವ್ವೋ, ಅನ್ನ ಆರೋಯ್ತದೆ" ಅಂದದ್ದು ಕೇಳಿಸಿತು. "ಐವತ್ತು ವರ್ಸ ಬಾಳಿರೋಳು ನಾನು. ಸುಮ್ಕೆ ಕೂತ್ಕೊಳಯ್ಯ" ಅಂತ ಅಜ್ಜಿ ಗದರಿಕೊಂಡರು.

ಇಷ್ಟೆಲ್ಲ ಆದರೂ ಅಜ್ಜಿ ತಲೆ ಅಲ್ಲಾಡಿಸುತ್ತಲೇ ಇದ್ದರು. "ಇನ್ನೂ ಏನೋ ಐತೆ, ಇವ್ರಲ್ಲ" ಅಂತಾರೆ, ಏನು ಅಂತ ಅವರಿಗೂ ಹೊಳೆಯದು. ಕೊನೆಗೆ ನಾನೇ ನಗು ತೆಗೆದುಹಾಕಿ ಹುಬ್ಬು ಗಂಟಿಕ್ಕಿಸಿದೆ.

ಅಜ್ಜಿ ಸೆರಗು ತಲೆ ಮೇಲೆ ಎಳೆದುಕೊಂಡರು.

"ಬಂದ್ರು ನೋಡು" ಅಂದರು. ಆಮೇಲೆ ಗಂಡನ ಮೇಲೆ ಶುರು ಹಚ್ಚಿಕೊಂಡರು. "ಯೋಳ್ದೆ ಕೇಳ್ದೆ ಓಗ್‌ಬುಟ್ಟು, ಈಗ ಮೂತಿ ಊದಿಸ್ಕೊಂಡು ಕೂತವ್ರೆ! ಎಡೆ ತತ್ತೀನಿ, ತಡ್ಕಳಿ" ಅಂತ ಬೈಯುತ್ತಾ ಬೈಯುತ್ತಾ ಅಳತೊಡಗಿದರು. ಸೊಸೆಯೂ ಅತ್ತಳು, ಇಲ್ಲಿ ತಮ್ಮನೂ ಅತ್ತ. ನಾನು ಮೂಗು ಒರೆಸಿಕೊಂಡು ಪ್ರಿಂಟು ಹಾಕಿದೆ.

ಹೊಸ ಫೋಟೋ ಫ್ರೇಮಿಗೆ ಸೇರಿಸಿ, ಹಳೆಯದನ್ನು ಹರಿದು ಬುಟ್ಟಿಗೆ ಹಾಕಲು ಕೈ ಹಾಕಿದ್ದೆ. ವೀಡಿಯೋ ಕಾಲ್ ಇನ್ನೂ ಕಟ್ ಆಗಿರಲಿಲ್ಲ. ಅಜ್ಜಿ ಕಣ್ಣೊರೆಸಿಕೊಳ್ಳುತ್ತಲೇ ಕೂಗಿದರು:

"ಅಣ್ಣೋ, ಅದ್ನ ಅರೀಬೇಡಿ! ಅವ್ನೂ ಬರ್ಲಿ, ಅಡುಗೆಮನೇಲಿ ನೇತಾಕ್ತೀನಿ. ನನ್ನ ನೋಡಿ ನಗೋ ಗಂಡ್ಸು ಈ ಮನೇಲಿ ಒಬ್ನಾರಾ ಇರ್ಲಿ."