ಓಣಿ ಹೊತ್ತುಕೊಂಡು ಹೋದ ಕಾಕಾ

ಊರು ಬಿಡುವಾಗ ಜನ ಏನೇನು ಕಟ್ಟಿಕೊಂಡು ಹೋಗುತ್ತಾರೆ? ಹಾಸಿಗೆ, ಪಾತ್ರೆ, ದೇವರ ಪೆಟ್ಟಿಗೆ, ಉಪ್ಪಿನಕಾಯಿ ಭರಣಿ. ನಮ್ಮ ಕಾಕಾ ಓಣಿಯನ್ನೇ ಕಟ್ಟಿಕೊಂಡು ಹೋದವರು! ಸುಳ್ಳು ಅನ್ನಬೇಡಿ. ಆ ಓಣಿಯಲ್ಲಿ ನಾನು ಸಂಸಾರ ಮಾಡಿದ್ದೇನೆ, ರೊಟ್ಟಿ ಬಡಿದಿದ್ದೇನೆ, ಇಲ್ಲದ ಗೋಡೆಯನ್ನು ಸುತ್ತು ಹಾಕಿ ನೀರು ತಂದಿದ್ದೇನೆ.

ಕಾಕಾ ಅಂದರೆ ನಮ್ಮ ಮನೆಯವರ ಕಾಕಾ. ಖಾಸಾ ಚಿಕ್ಕಪ್ಪ ಅಲ್ಲ, ದೂರದ ಸಂಬಂಧ. ಆದರೆ ನಮ್ಮ ಮನೆಯವರು ಸಾಲಿ ಕಲಿಯಲು ಹುಬ್ಬಳ್ಳಿಗೆ ಬಂದಾಗಿನಿಂದ ಅವರನ್ನು ಸಾಕಿದವರು ಕಾಕಾ ಮತ್ತು ಅವರ ಹೆಂಡತಿ ಕಾಕು. ಕಾಕಾ ಅರಳೆ ಅಂಗಡಿಯಲ್ಲಿ ಗುಮಾಸ್ತರು. ಎಲ್ಲವೂ ಇದ್ದಲ್ಲೇ ಇರಬೇಕು ಅನ್ನುವುದು ಅವರ ಸ್ವಭಾವ. ಊಟಕ್ಕೆ ಕೂತಾಗ ಚಟ್ನಿಯನ್ನು ಎಡಗಡೆಯ ಬದಲು ಬಲಗಡೆ ಬಡಿಸಿದರೆ ಅದನ್ನು ಬೇರೆಯವರ ಎಲೆ ಎಂದು ತಿಳಿದು ಎದ್ದುಬಿಡುತ್ತಿದ್ದರು! ಕಾಕು ಮಾತ್ರ, "ಹಂಗ ಬಿಡವಾ. ಅವರು ಇದ್ದಲ್ಲೆ ಇದ್ರ ನಮಗೂ ಹುಡುಕೋದು ತಪ್ಪತೇತಿ," ಎಂದು ನಗುತ್ತಿದ್ದರು.

ನಾನು ಸೊಸೆಯಾಗಿ ಬಂದು ಕೈಯ ಮದರಂಗಿ ಮಾಸುವ ಮೊದಲೇ ಪೇಟೆಯಲ್ಲಿ ಇಲಿ ಬಿದ್ದವು. ಇಲಿ ಬಿತ್ತು ಅಂದರೆ ಪ್ಲೇಗು ಬಂತು ಎಂದೇ ಲೆಕ್ಕ. ಮನೆಗೆ ಬೀಗ ಜಡಿದು, ಊರ ಹೊರಗಿನ ಹೊಲದಲ್ಲಿ ಗುಡಿಸಲು ಹಾಕಿಕೊಂಡು, ಬೇನೆ ಇಳಿಯುವವರೆಗೆ ಅಲ್ಲೇ ಇರಬೇಕು. ಸಾಮಾನ್ಯವಾಗಿ ಯಾರಿಗೆ ಎಲ್ಲಿ ಪರಿಚಯವೋ ಅಲ್ಲಿಗೆ ಹೋಗುವುದು ರೂಢಿ. ಒಬ್ಬರು ಬೈರಿದೇವರಕೊಪ್ಪಕ್ಕೆ, ಇನ್ನೊಬ್ಬರು ಅಮ್ಮಿನಬಾವಿಯ ಬೀಗರ ಹೊಲಕ್ಕೆ. ಕಾಕಾ ಮಾತ್ರ ಓಣಿಯ ಮನೆಮನೆಗೂ ಹೋಗಿ, "ಯಾರೂ ಎಲ್ಲೂ ಹೋಗೋದಿಲ್ರಿ. ಓಣಿ ಮಂದಿ ಎಲ್ಲಾ ಕೂಡೇ ಹೋಗೋದು. ಹೋದಷ್ಟೂ ಮನಿ ಹೊಳ್ಳಿ ಬರಬೇಕು," ಎಂದು ಬೆನ್ನು ಹತ್ತಿದರು. ಹೇಳಿಸಿಕೊಂಡು ಬೇಸತ್ತು ಎಲ್ಲರೂ ಒಪ್ಪಿದರು.

ಕಾಕಾ ಕೆಲಸ ಮಾಡುತ್ತಿದ್ದ ಅಂಗಡಿಯ ಸಾವಕಾರರದ್ದು ಕೇಶ್ವಾಪುರದ ಕಡೆ ಒಂದು ಹೊಲವಿತ್ತು. ಜೋಳ ಕೊಯ್ದು ಬರೀ ಕೂಳೆ ಉಳಿದಿತ್ತು. ನಾವು ಚಕ್ಕಡಿಯಲ್ಲಿ ಹೋಗಿ ಇಳಿಯುವಷ್ಟರಲ್ಲಿ ಕಾಕಾ ಕಪ್ಪು ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಇದು ಅಕ್ಕಸಾಲಿಗರ ಮನೆ, ಇದು ವಕೀಲರದು, ಇದು ನಮ್ಮದು. ಊರಲ್ಲಿ ಯಾರ ಮಗ್ಗುಲಿಗೆ ಯಾರಿದ್ದರೋ ಇಲ್ಲಿಯೂ ಹಾಗೆಯೇ! ಹಿಟ್ಟಿನ ಗಿರಣಿಯವರು ಬೇವಿನಗಿಡದ ನೆರಳು ನೋಡಿ ಅಲ್ಲಿ ತಮ್ಮ ಗಂಟು ಇಳಿಸಿದ್ದರು. ಕಾಕಾ ಅದನ್ನು ಎತ್ತಿಸಿದರು.

"ನಿಮ್ಮ ಮನಿ ಓಣಿ ಮೂಲ್ಯಾಗ ಐತ್ರಿ."

"ನೆರಳು ಇಲ್ಲೆ ಐತಲ್ರಿ?"

"ನೆರಳು ಇಲ್ಲೆ ಐತಿ ಅಂತ ಮನಿ ಎದ್ದು ಬರತೇತೇನ್ರಿ?"

ಗಿರಣಿಯವರು ಬಿಸಿಲಿಗೆ ಹೋದರು. ಬೇವಿನಗಿಡದ ನೆರಳು ಅಕ್ಕಸಾಲಿಗರ ಎಮ್ಮೆಯ ಪಾಲಿಗೆ ಬಂತು.

ಇಷ್ಟಕ್ಕೇ ಮುಗಿದಿದ್ದರೆ ಬೇರೆ ಮಾತು. ನಮ್ಮ ಓಣಿಗೆ ಊರಲ್ಲಿ ಒಂದು ತಿರುವು ಇತ್ತು. ಹಳೆಯ ಮಠದ ಗೋಡೆ ಅಡ್ಡ ಬಂದು ಓಣಿ ಬಾಗಿತ್ತು. ಕಾಕಾ ಬಟಾಬಯಲಿನಲ್ಲಿಯೂ ಓಣಿಯನ್ನು ಬಾಗಿಸಿದರು! ಮಠವಿಲ್ಲ, ಗೋಡೆಯಿಲ್ಲ, ಇದ್ದದ್ದು ಸುಣ್ಣದ ಗೆರೆ ಒಂದೇ. ತುಂಬಿದ ಕೊಡ ಹೊತ್ತು ನಾನು ನೇರವಾಗಿ ಬರಲು ಹೋದರೆ ಅವರ ದನಿ ಕೇಳುತ್ತಿತ್ತು.

"ಅತ್ಲಾಗಿಂದ ಬಾರವಾ. ಅಲ್ಲೆ ಗ್ವಾಡಿ ಐತಿ."

ನಮ್ಮ ಮನೆಯವರು ಒಂದು ಸಲ ಕೇಳಿಯೇ ಬಿಟ್ಟರು, "ಗ್ವಾಡಿ ಎಲ್ಲೈತಿ ಕಾಕಾ?"

"ಊರಾಗ ಐತಿ," ಎಂದರು ಕಾಕಾ. ನಾವು ಸುತ್ತು ಹಾಕಿದೆವು.

ಈಗ ವಕೀಲರ ವಿಷಯ. ನಮ್ಮ ಮನೆಗೂ ಅವರ ಮನೆಗೂ ಒಂದೇ ಹಿತ್ತಲ ಗೋಡೆ. ಅವರ ನುಗ್ಗೆಮರದ ಬುಡ ಅವರ ಕಡೆ, ಕಾಯಿ ನಮ್ಮ ಕಡೆ. ಆ ಕಾಯಿ ಯಾರದು ಎಂಬುದರ ಮೇಲೆ ಜಗಳ ಹತ್ತಿ, ವಕೀಲರೂ ಕಾಕಾನೂ ಎಷ್ಟೋ ವರ್ಷಗಳಿಂದ ಮಾತು ಬಿಟ್ಟಿದ್ದರು. ಹೆಂಗಸರು ಮಾತ್ರ ಗೋಡೆಯ ಮೇಲಿಂದ ಸಾರು ಪಲ್ಯ ದಾಟಿಸುತ್ತಲೇ ಇದ್ದರು. ಹೊಲದಲ್ಲಾದರೂ ದೂರ ಇರೋಣವೆಂದು ವಕೀಲರು ತಮ್ಮ ಗುಡಿಸಲನ್ನು ಆಚೆ ತುದಿಗೆ ಹಾಕಲು ಹೊರಟರು. ಕಾಕಾ ಕಾಕುವಿನ ಕಡೆ ತಿರುಗಿ, ವಕೀಲರಿಗೆ ಕೇಳುವಂತೆ ಹೇಳಿದರು:

"ಮಾತು ಬಿಟ್ಟವರು ಮಗ್ಗಲದಾಗ ಇರಬೇಕು. ದೂರ ಹೋದ್ರ, ಮಾತು ಬಿಟ್ಟಿದ್ದು ಯಾರಿಗೆ ಗೊತ್ತಾಗತೇತಿ?"

ವಕೀಲರು ಅಕ್ಕಸಾಲಿಗರ ಎಮ್ಮೆಯನ್ನು ಉದ್ದೇಶಿಸಿ, "ಇಲ್ಲೆ ನುಗ್ಗಿಗಿಡಾನ ಇಲ್ಲ. ಇನ್ನ ಯಾತರ ಸಲುವಾಗಿ ಮಾತು ಬಿಡಬೇಕು?" ಎಂದರು. ಕಾಕಾ ಮರುದಿನ ಎಲ್ಲಿಂದಲೋ ಒಂದು ನುಗ್ಗೆಕೊಂಬೆ ಕಡಿದು ತಂದು ಎರಡೂ ಗುಡಿಸಲುಗಳ ನಡುವೆ ನೆಟ್ಟರು! ವಕೀಲರು ಜಾಗ ಬದಲಿಸಲಿಲ್ಲ. ವಾದ ಅವರಿಗೂ ಹಿಡಿಸಿರಬೇಕು.

ಇನ್ನು ಬೆಳಗಿನ ಫಜೀತಿ. ಮೂಡಣ ಬೆಳ್ಳಗಾದೊಡನೆ ಕಾಕಾ ಕೋಲು ಹಿಡಿದು ಓಣಿಯ ಮೇಲೆ ಹೊರಡುತ್ತಿದ್ದರು. ಪ್ರತಿ ಗುಡಿಸಲಿನ ತಟ್ಟಿಬಾಗಿಲಿಗೆ ಕೋಲು ತಾಗಿಸಿ, "ಎದ್ದೀರೇನ್ರಿ?" ಎಂದು ಕೇಳುವುದು. ಒಳಗಿನಿಂದ "ಎದ್ದೇವ್ರಿ" ಎಂಬ ಉತ್ತರ ಬರುವವರೆಗೆ ಮುಂದೆ ಹೋಗುತ್ತಿರಲಿಲ್ಲ. ಗಿರಣಿಯವರಂತೂ, "ಪ್ಲೇಗಿನಿಂದ ಸಾಯಲಿಲ್ಲಂದ್ರೂ ನಿದ್ದಿ ಇಲ್ಲದ ಸಾಯತೇವ್ರಿ," ಎಂದು ಗೊಣಗುತ್ತಿದ್ದರು. ಹೊಸದಾಗಿ ಮದುವೆಯಾದವರೆಂದು ನಮಗೆ ಕಾಕಾನ ಗುಡಿಸಲಿನ ಮಗ್ಗುಲಿಗೇ ಬೇರೆ ಗುಡಿಸಲಿತ್ತು, ಅದಕ್ಕಾದರೂ ವಿನಾಯಿತಿ ಬೇಡವೇ? ಊಹೂಂ! ನಾನು ಸೆರಗು ಬಾಯಿಗೆ ಒತ್ತಿಕೊಂಡು, ಇವರಿಗೆ ಮೊಣಕೈಯಿಂದ ತಿವಿದು, "ಎದ್ದೇವ್ರಿ" ಅನ್ನಿಸುತ್ತಿದ್ದೆ. ಮಾತು ಬಿಟ್ಟ ವಕೀಲರ ಬಾಗಿಲಲ್ಲಿ ಕಾಕಾ ಕೇಳುತ್ತಿರಲಿಲ್ಲ, ಒಮ್ಮೆ ಕೆಮ್ಮುತ್ತಿದ್ದರು. ಒಳಗಿನಿಂದ ವಕೀಲರೂ ಕೆಮ್ಮುತ್ತಿದ್ದರು. ಆಮೇಲೆ ಕಾಕಾ ಮುಂದೆ.

ಒಂದು ಮುಂಜಾನೆ ಕಾಕಾ ಕೆಮ್ಮಿದರು, ಒಳಗಿನಿಂದ ಉತ್ತರ ಬರಲಿಲ್ಲ. ಇನ್ನೊಮ್ಮೆ ಕೆಮ್ಮಿದರು. ಹೊರಗೆ ಬಂದವರು ವಕೀಲರ ಹೆಂಡತಿ. ವಕೀಲರಿಗೆ ಸುಡುವ ಜ್ವರ ಬಂದಿತ್ತು.

ಓಣಿಗೆ ಓಣಿಯೇ ನಡುಗಿತು. ಜ್ವರ ಬಂದವರನ್ನು ದೂರದ ಹಳ್ಳದ ದಂಡೆಯ ಗುಡಿಸಲಿನಲ್ಲಿಟ್ಟು, ಇದ್ದ ಗುಡಿಸಲನ್ನು ಸುಡುವುದು ಆಗಿನ ಪದ್ಧತಿ. ಹಳ್ಳದ ದಂಡೆಗೆ ಹೋದವರು ತಿರುಗಿ ಬಂದದ್ದು ಕಡಿಮೆ. ಗಿರಣಿಯವರಿಗೆ ಸಣ್ಣ ಮಕ್ಕಳಿದ್ದವು. ಅವರು ಅಂಜಿದ್ದರಲ್ಲಿ ತಪ್ಪಿಲ್ಲ. "ವಕೀಲರನ್ನ ಇವತ್ತ ಕಳಿಸಬೇಕ್ರಿ," ಎಂದರು.

ಕಾಕಾ ಬಾಗಿಲಿಗೆ ಅಡ್ಡ ನಿಂತರು. ಅವರ ದನಿ ಏರಲಿಲ್ಲ.

"ಅವರನ್ನ ಹೊರಗ ಹಾಕೋದು ಬ್ಯಾಡ್ರಿ. ನಾವ ಸರಿಯೋಣು. ಅಂಜಿಕಿ ಇದ್ದವರು ಎಷ್ಟು ದೂರ ಬೇಕೋ ಅಷ್ಟು ಸರೀರಿ. ಓಣಿ ಉದ್ದ ಆಗಲಿ, ತುಂಡ ಆಗಬಾರದು."

ಗೆರೆ ತಪ್ಪಿ ಒಂದು ಗೇಣು ಸರಿಯಗೊಡದ ಮನುಷ್ಯ ಅಂದು ತಾವೇ ಸುಣ್ಣದ ಬುಟ್ಟಿ ಹಿಡಿದು ಇಡೀ ಓಣಿಯನ್ನು ಎಳೆದು ಉದ್ದ ಮಾಡಿದರು! ಸಂಜೆಯೊಳಗೆ ಎಲ್ಲರ ಗುಡಿಸಲುಗಳೂ ದೂರ ಹೋದವು, ನಮ್ಮದೂ ಹೋಯಿತು. ಸರಿಯದೆ ಉಳಿದದ್ದು ಕಾಕಾನದು ಒಂದೇ.

ಕಾಕು ಗಂಜಿ ಕಾಸಿ ಕಳಿಸಿದರು. ಕಾಕಾ ವಕೀಲರ ಬಾಗಿಲ ಹೊರಗೆ ಕಂಬಳಿ ಹಾಸಿ ಕೂತರು. ಮಾತು ಬಿಟ್ಟಿದ್ದರಲ್ಲ, ಆದ್ದರಿಂದ ಗುಡಿಸಲಿನ ಕಂಬದೊಡನೆ ಮಾತಾಡುತ್ತಿದ್ದರು. "ಜಗಳ ಅರ್ಧಕ್ಕ ಬಿಟ್ಟು ಓಡಿಹೋಗಾಕ ನೋಡ್ತಾರ ಕೆಲವರು. ವಕೀಲಿ ಕಲಿತವರಿಗೆ ಶೋಭಾ ಅಲ್ಲ ಇದು." ಒಳಗಿನಿಂದ ನರಳುವ ದನಿ ಬಂದರೆ ಅವರಿಗೆ ಅಷ್ಟೇ ಸಮಾಧಾನ. ಡಾಕ್ಟರು ಬಂದು ನೋಡಿದರು. ಬಗಲಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಎದ್ದಿಲ್ಲ, ಆದರೂ ಕಾಯ್ದು ನೋಡಬೇಕು ಎಂದರು. ಕಾಯ್ದೆವು. ಆ ದಿನಗಳಲ್ಲಿ ನನ್ನ ರೊಟ್ಟಿಗಳು ಒಂದೂ ದುಂಡಗಾಗಲಿಲ್ಲ. ಕಡೆಗೆ ಒಂದು ಮಧ್ಯಾಹ್ನ ವಕೀಲರು ಮೈತುಂಬ ಬೆವೆತರು, ಜ್ವರ ಇಳಿಯಿತು. ಚಳಿಜ್ವರ ಎಂದರು ಡಾಕ್ಟರು. ಪ್ಲೇಗೇ ಬಂದಿತ್ತು, ಕಾಕಾನ ಮಾತು ತಡೆಯಲಾರದೆ ಎದ್ದು ಹೋಯಿತು ಎಂದರು ಗಿರಣಿಯವರು.

ಬೇಸಿಗೆ ಬಲಿತ ಮೇಲೆ ಬೇನೆ ಇಳಿಯಿತು. ಊರೊಳಗೆ ಬರಬಹುದೆಂದು ಡಂಗುರ ಹೊಡೆದರು. ಚಕ್ಕಡಿಗಳು ಸಾಲಾಗಿ ನಮ್ಮ ಓಣಿಗೆ ಬಂದು ನಿಂತವು. ಎಲ್ಲರೂ ತಮ್ಮ ತಮ್ಮ ಬಾಗಿಲು ತೆಗೆಯತೊಡಗಿದರು. ಅಕ್ಕಸಾಲಿಗರದು ತೆರೆಯಿತು, ಗಿರಣಿಯವರದು ತೆರೆಯಿತು, ಮಕ್ಕಳು ಕೂಗುತ್ತ ಒಳಗೆ ಓಡಿದವು. ಕಾಕಾ ಮಾತ್ರ ಕೀಲಿಕೈ ಹಿಡಿದು ಓಣಿಯ ನಡುವೆ ನಿಂತುಬಿಟ್ಟಿದ್ದರು. ಒಂದೊಂದು ಬಾಗಿಲನ್ನೂ ನೋಡುತ್ತಿದ್ದರು.

ನನಗೋ ಅವಸರ. ಒಲೆ ಹಚ್ಚಬೇಕು, ಕಸ ಹೊಡೆಯಬೇಕು. "ಕಾಕಾಗ ಏನಾತ್ರಿ?" ಎಂದು ಮೆಲ್ಲಗೆ ಕಾಕುವನ್ನು ಕೇಳಿದೆ.

ಕಾಕು ನನ್ನನ್ನು ಪಕ್ಕಕ್ಕೆ ಎಳೆದುಕೊಂಡರು. "ಹಿಂದ ದೊಡ್ಡ ಪ್ಲೇಗು ಬಂದಾಗ ಇವರು ಭಾಳ ಸಣ್ಣವರು. ಓಣಿ ಮಂದಿ ದಿಕ್ಕಿಗೊಬ್ಬರು ಹೋಗಿದ್ರಂತ, ಯಾರು ಸತ್ರು, ಯಾರು ಉಳದ್ರು, ಯಾರಿಗೂ ಗೊತ್ತಿಲ್ಲ. ಅವ್ವ, ಅಪ್ಪ, ಅಕ್ಕದೇರು ಎಲ್ಲಾರೂ ಹೊಲದಾಗ ತೀರಿಕೊಂಡ್ರು. ಈ ಬಾಗಲಾ ತೆಗೆದು ಇವರೊಬ್ಬರ ಒಳಗ ಹೋಗಿದ್ರವಾ. ಮನಿ ತುಂಬ ಅಡ್ಡಾಡಿ ಎಲ್ಲಾರನ್ನೂ ಕರದ್ರಂತ."

ಅಷ್ಟು ದಿನ ನಾವು ಆ ಮನುಷ್ಯನನ್ನು ನೋಡಿ ಎಷ್ಟು ನಕ್ಕಿದ್ದೆವು!

ಕೊನೆಯದಾಗಿ ವಕೀಲರ ಬಾಗಿಲು ತೆರೆಯಿತು. ವಕೀಲರು ಇನ್ನೂ ಬಡಕಲಾಗಿದ್ದರು. ಹೆಂಡತಿಯ ಭುಜ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತು ಕಾಕಾನನ್ನು ನೋಡಿದರು. ಆಮೇಲೆ ಭುಜ ಬಿಟ್ಟು, ನಿಧಾನಕ್ಕೆ ನಡೆದು, ಕಾಕಾನ ಎದುರಿಗೆ ಬಂದು ಕೈ ಚಾಚಿದರು.

"ಕೀಲಿಕೈ ಕೊಡ್ರಿ ಇಲ್ಲೆ."

ಕಾಕಾ ಕೊಟ್ಟರು. ವಕೀಲರು ನಮ್ಮ ಮನೆಯ ಬಾಗಿಲು ತೆಗೆದು, ನಮಗೆಲ್ಲರಿಗಿಂತ ಮುಂಚೆ ಒಳಗೆ ಹೋದರು. ಒಳಗಿನ ಕತ್ತಲೆಯಿಂದ ಅವರ ದನಿ ಕೇಳಿತು.

"ಬರ್ರಿ ಒಳಗ. ಮನ್ಯಾಗ ಮಂದಿ ಅದೇವಿ."

ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ಚಪ್ಪಲಿ ಬಿಟ್ಟು, ಒಳಗೆ ಹೋದರು.